ಹಿಂಬದಿಯ ಹಲಗೆ

ಅಲ್ಯೂಮಿನಿಯಂ ದೋಣಿ ಕೊಳೆಯುವುದಿಲ್ಲವೆಂಬ ಒಂದೇ ಕಾರಣಕ್ಕೆ ನಾವು ಅದನ್ನು ಕೊಂಡಿದ್ದೆವು. 2015ರ ಡಿಸೆಂಬರಿನ ಮೊದಲ ವಾರ ಚೆನ್ನೈ ಕಂಡ ನೀರನ್ನು ಇಲ್ಲಿ ಮತ್ತೆ ವರ್ಣಿಸಬೇಕಾಗಿಲ್ಲ. ತಾಂಬರಂನಲ್ಲಿ ಒಂದು ಹಗಲಿರುಳಿನೊಳಗೆ 49 ಸೆಂಟಿಮೀಟರ್ ಮಳೆ ಸುರಿದಿತ್ತು. ಕೆಲಸಗಾರರು ಮುದ್ರಣಾಲಯ ತಲುಪಲಾಗದೆ 'ದಿ ಹಿಂದೂ' ಪತ್ರಿಕೆ, 1878ರಲ್ಲಿ ಹುಟ್ಟಿದಂದಿನಿಂದ ಮೊದಲ ಬಾರಿಗೆ, ನಗರದಲ್ಲಿ ಅಚ್ಚಾಗಲಿಲ್ಲ. ವೇಳಚ್ಚೇರಿಯ ನಮ್ಮ ವಸತಿ ಸಮುಚ್ಚಯದ ನೆಲಮಹಡಿಯವರು ಎರಡು ರಾತ್ರಿ ಮೇಲಂತಸ್ತಿನವರ ಹಜಾರಗಳಲ್ಲಿ ಮಲಗಿದರು. ನಮ್ಮನ್ನು ಹೊರಗೆ ತಂದವರು ಕಡಲತಡಿಯ ಕುಪ್ಪಂಗಳಿಂದ ಲಾರಿಯ ಮೇಲೆ ದೋಣಿ ಹೇರಿಕೊಂಡು ಬಂದ ಮೀನುಗಾರರು.

ನೀರಿಳಿದ ಮೇಲೆ ನಮಗೆ ನಾಚಿಕೆಯೂ ಹುಮ್ಮಸ್ಸೂ ಒಟ್ಟಿಗೇ ಬಂದವು. ಮುಂದಿನ ಬೇಸಿಗೆಯಲ್ಲಿ ಮನೆಗಿಷ್ಟೆಂದು ಹಣ ಕೂಡಿಸಿ ಹನ್ನೆರಡು ಅಡಿಯ ಹಳೆಯ ಅಲ್ಯೂಮಿನಿಯಂ ದೋಣಿಯೊಂದನ್ನೂ ಅದರ ಹಿಂಬದಿಗೆ ತಗುಲಿಸುವ ಔಟ್‌ಬೋರ್ಡ್ ಮೋಟಾರನ್ನೂ ಕೊಂಡೆವು. ವಾಹನ ನಿಲ್ಲಿಸುವ ಅಂಗಳದ ಮೂಲೆಯಲ್ಲಿ ಎರಡು ದಿಮ್ಮಿಗಳ ಮೇಲೆ ದೋಣಿಯನ್ನಿಟ್ಟು, ಟಾರ್ಪಾಲು ಹೊದಿಸಿ, ಸಂಘದ ಆಸ್ತಿಪಟ್ಟಿಯಲ್ಲಿ 'ದೋಣಿ – 1' ಎಂದು ಬರೆದುಕೊಂಡೆವು. ಆ ಬಳಿಕ ಎಂಟು ಮಳೆಗಾಲಗಳು ಕಳೆದವು. ಎಂಟು ಸಲವೂ ವಾರ್ಷಿಕ ಸಭೆಯಲ್ಲಿ ಆ ಸಾಲು ಓದಲ್ಪಟ್ಟಿತು.

ಟ್ರಾನ್ಸಮ್ ಎಂಬ ಶಬ್ದ ನಮಗೆ ಹೊಸದೇನಲ್ಲ. ಇಂಗ್ಲಿಷ್ ಎಂ.ಎ. ಓದಿದವರಿಗೆ ಅದು ಮೊದಲು ಜಾರ್ಜ್ ಎಲಿಯಟ್ಟಳ 'ಫೀಲಿಕ್ಸ್ ಹೋಲ್ಟ್' ಕಾದಂಬರಿಯ ಮನೆತನವೊಂದರ ಹೆಸರಾಗಿ, ಆಮೇಲೆ ಬಾಗಿಲಿನ ಮೇಲಣ ಅಡ್ಡಪಟ್ಟಿಯಾಗಿ ಪರಿಚಯ. ದೋಣಿಯ ಹಿಂಬದಿಯನ್ನು ಮುಚ್ಚುವ, ಮೋಟಾರಿನ ಭಾರವನ್ನೆಲ್ಲ ಹೊರುವ ಅಡ್ಡಗೋಡೆಗೂ ಅದೇ ಹೆಸರೆಂದು ತಿಳಿದದ್ದು ನಲವತ್ತು ದಾಟಿದ ಮೇಲೆ, ಮೊಣಕಾಲುದ್ದ ಕೊಳಚೆಯಲ್ಲಿ ನಿಂತಾಗ. ಕನ್ನಡದಲ್ಲಿ ಅದಕ್ಕೊಂದು ಮಾತು ನಮಗೆ ಸಿಕ್ಕಿಲ್ಲ. ನಮ್ಮ ಒಳನಾಡಿನ ಹರಿಗೋಲಿಗಂತೂ ಹಿಂದು ಮುಂದುಗಳೇ ಇಲ್ಲ. ಇಲ್ಲಿನ ಮೀನುಗಾರರು ದೋಣಿಯ ಮುಂಭಾಗವನ್ನು ಅಣಿಯಂ ಎಂದೂ ಹಿಂಭಾಗವನ್ನು ಅಮರಂ ಎಂದೂ ಕರೆಯುತ್ತಾರೆ. ನಾವು 'ಹಿಂಬದಿಯ ಹಲಗೆ' ಎಂದೇ ಮುಂದುವರಿಯುತ್ತೇವೆ.

ಲೋಹದ ದೋಣಿಯಲ್ಲಿ ಮರವೇಕೆ ಎಂದು ಕೇಳುವವರಿದ್ದಾರೆ. ಕೊಳ್ಳುವಾಗ ನಾವು ಕೇಳಲಿಲ್ಲವೆಂಬುದೇ ನಮ್ಮ ಮೊದಲ ತಪ್ಪು. ಸಣ್ಣ ದೋಣಿಯ ಅಲ್ಯೂಮಿನಿಯಂ ತಗಡು ಕೆಲವೇ ಮಿಲಿಮೀಟರ್ ದಪ್ಪದ್ದು. ಮೋಟಾರು ಓಡುವಾಗ ನೀರಿನೊಳಗಿನ ಅದರ ಚಕ್ರ ದೋಣಿಯನ್ನು ಮುಂದಕ್ಕೆ ನೂಕುತ್ತದೆ. ಆ ನೂಕು ಹಲಗೆಯ ಕೆಳಭಾಗವನ್ನು ಒತ್ತುತ್ತ, ಹಿಡಿಕೆಯ ತಿರುಪುಗಳು ಕಚ್ಚಿರುವ ಮೇಲಂಚನ್ನು ಹಿಂದಕ್ಕೆ ಎಳೆಯುತ್ತದೆ. ಸಾಲದ್ದಕ್ಕೆ ಎಡೆಬಿಡದ ನಡುಕ ಬೇರೆ. ಬರಿಯ ತಗಡಾದರೆ ಬಾಗಿ ಬಾಗಿ ಸೀಳುತ್ತದೆ. ಆದ್ದರಿಂದ ತಗಡಿನ ಒಳಮೈಗೆ ಒಂದೂವರೆ ಅಂಗುಲ ದಪ್ಪದ ಪ್ಲೈವುಡ್ಡನ್ನು ಬೋಲ್ಟು ಹಾಕಿ ಬಿಗಿದು, ಮೇಲಂಚಿಗೆ ಅಲ್ಯೂಮಿನಿಯಂ ಟೋಪಿ ತೊಡಿಸುತ್ತಾರೆ. ಮರ ಭಾರವನ್ನು ಹರಡುತ್ತದೆ, ನಡುಕವನ್ನು ನುಂಗುತ್ತದೆ, ತಿರುಪಿಗೆ ಹಿಡಿತ ಕೊಡುತ್ತದೆ. ನಮ್ಮ ದೋಣಿಯಲ್ಲಿ ಹಿಂದಿನ ಒಡೆಯರಾರೋ ಅಂದ ಹೆಚ್ಚಲೆಂದು ಮರದ ಒಳಮೈಯನ್ನೂ ತೆಳುತಗಡಿನಿಂದ ಮುಚ್ಚಿಬಿಟ್ಟಿದ್ದರು. ನೋಡಿದವರೆಲ್ಲ ಅಪ್ಪಟ ಲೋಹದ ದೋಣಿಯೆಂದೇ ತಿಳಿದರು.

ಟೋಪಿಯ ಬಿರುಕಿನಿಂದ, ಬೋಲ್ಟಿನ ತೂತುಗಳಿಂದ ಹನಿಹನಿಯಾಗಿ ಇಳಿದ ನೀರು ಎರಡು ತಗಡುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಆರುವ ದಾರಿಯಿಲ್ಲ. ಇನ್ನೊಂದು ಸಂಗತಿ ನಮ್ಮನ್ನು ಬೆರಗುಗೊಳಿಸಿತು. ಮರವನ್ನು ಕೊಳೆಸುವುದರಲ್ಲಿ ಕಡಲಿನ ನೀರಿಗಿಂತ ಮಳೆಯ ನೀರು ಕೆಟ್ಟದ್ದು. ಉಪ್ಪು ಬೂಷ್ಟನ್ನು ತಡೆಯುತ್ತದೆ. ಸಿಹಿನೀರು ಅದಕ್ಕೆ ಹಾಲೆರೆಯುತ್ತದೆ. ದಿನವೂ ಕಡಲಿಗಿಳಿಯುವ ದೋಣಿಯ ಹಲಗೆ ಬಾಳಿಕೆ ಬರುವಾಗ, ಟಾರ್ಪಾಲಿನ ಹರಕಿನಡಿ ಈಶಾನ್ಯ ಮಾರುತದ ಮಳೆಯನ್ನು ಕುಡಿಯುತ್ತ ನಿಂತ ನಮ್ಮ ದೋಣಿ ನೀರಿಗಿಳಿಯದೆಯೇ ಕೊಳೆಯಿತು.

2023ರ ಡಿಸೆಂಬರ್ 4ರಂದು ಮಿಚಾಂಗ್ ಚಂಡಮಾರುತ ನಗರದ ಮಗ್ಗುಲಲ್ಲೇ ಹಾದುಹೋಯಿತು. ಪಳ್ಳಿಕರಣೆಯ ಜೌಗು ಉಕ್ಕಿ ವೇಳಚ್ಚೇರಿ ಮತ್ತೆ ಕೆರೆಯಾಯಿತು. (ಆ ಜೌಗಿಗೆ ಹಿಂದಿನ ವರ್ಷವಷ್ಟೇ ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ಬಂದಿತ್ತು, ಹರಿದುಬರುವ ನೀರಿಗೆ ಅದು ಗೊತ್ತಿರಲಿಲ್ಲ.) ಮರುದಿನ ಬೆಳಗ್ಗೆ ನಾವು ಟಾರ್ಪಾಲು ಸರಿಸಿ, ಒಂದು ಬಗೆಯ ಹೆಮ್ಮೆಯಿಂದಲೇ, ಮೋಟಾರು ತಗುಲಿಸಿದೆವು. ಮೊದಲ ಪಯಣಿಗರು ಎದುರುಮನೆಯ ಅಮ್ಮ. ವಾರಕ್ಕೆ ಮೂರು ದಿನ ಡಯಾಲಿಸಿಸ್ ಆಗಬೇಕಾದವರು, ಹಿಂದಿನ ದಿನದ ಸರದಿ ಆಗಲೇ ತಪ್ಪಿತ್ತು. ಗೇಟು ದಾಟಿ ಮುಖ್ಯರಸ್ತೆಗೆ ತಿರುಗುವಾಗ ಮೋಟಾರಿನ ವೇಗ ಹೆಚ್ಚಿಸಿದೆವು. ಹಿಂಬದಿಯಿಂದ ಒದ್ದೆ ಬಟ್ಟೆ ಹರಿದಂಥ ಸದ್ದು ಬಂತು. ಮೋಟಾರು ವಾಲಿತು, ಹಿಡಿಕೆ ಟೋಪಿಯನ್ನು ಕಿತ್ತುಕೊಂಡು ಮೇಲೆದ್ದಿತು. ಸುರಕ್ಷೆಗೆಂದು ಕಟ್ಟಿದ್ದ ಹಗ್ಗವೊಂದು ಇಲ್ಲದಿದ್ದರೆ ಅದು ನೀರಿನ ಪಾಲಾಗುತ್ತಿತ್ತು. ದೋಣಿಯೊಳಗೇ ಬಿದ್ದಿದ್ದರೆ ಏನಾಗುತ್ತಿತ್ತೆಂದು ನೆನೆಯಲು ಈಗಲೂ ಮನಸ್ಸಾಗುವುದಿಲ್ಲ. ಅಮ್ಮನವರು ಮಾತಾಡದೆ ಕೊಡೆಯನ್ನು ಬಿಗಿಯಾಗಿ ಹಿಡಿದು ಕುಳಿತಿದ್ದರು. ಮುಕ್ಕಾಲು ಗಂಟೆಯ ಮೇಲೆ ಆ ದಾರಿಯಲ್ಲಿ ಬಂದ ಮೀನುಗಾರರೊಬ್ಬರ ಫೈಬರ್ ದೋಣಿ ಅವರನ್ನು ಕರೆದೊಯ್ದಿತು. ಅಂದರೆ, 2015ರಲ್ಲಿ ಯಾರು ನಮ್ಮನ್ನು ಕಾಪಾಡಿದ್ದರೋ ಅವರೇ.

ಆ ಮೀನುಗಾರರು ನಮ್ಮ ದೋಣಿಯ ಹಿಂಬದಿಗೆ ಬೆರಳಿಟ್ಟು ನೋಡಿ, "ಉಳ್ಳೇ ಮರಂ ಸೆತ್ತು ಪೋಚ್ಚು ಸಾರ್" ಎಂದರು. ಒಳಗೆ ಮರ ಸತ್ತುಹೋಗಿದೆ. ಸೀಳಿನಿಂದ ಹೊರಬಂದದ್ದು ನೆನೆದ ಕಾಫಿಪುಡಿಯಂಥ ಕಪ್ಪು ಹೊಟ್ಟು.

ಸರ್ಕಾರಿ ಕಚೇರಿಯಲ್ಲಿ ಇಷ್ಟು ವರ್ಷ ಕಳೆದವರಾಗಿ ನಾವು ಇಲ್ಲಿ ಒಂದು ಮಾತು ಹೇಳಬೇಕು. 2017ರ ಸಾಮಾನ್ಯ ಹಣಕಾಸು ನಿಯಮಾವಳಿಯ ಪ್ರಕಾರ ಸ್ಥಿರಾಸ್ತಿಗಳನ್ನು ವರ್ಷಕ್ಕೊಮ್ಮೆಯಾದರೂ ಭೌತಿಕವಾಗಿ ಪರಿಶೀಲಿಸಬೇಕು. ಒಳ್ಳೆಯ ನಿಯಮ. ಆದರೆ ರೂಢಿಯಲ್ಲಿ ಪರಿಶೀಲನೆಯೆಂದರೆ ಎಣಿಕೆ. ಕುರ್ಚಿ ಇದೆಯೇ, ಇದೆ. ಪಂಪು ಇದೆಯೇ, ಇದೆ. ಪಂಪು ನೀರೆತ್ತುತ್ತದೆಯೇ ಎಂಬ ಅಂಕಣ ನಾವು ಕಂಡ ಪಟ್ಟಿಗಳಲ್ಲಿಲ್ಲ. ಅದೇ ನಿಯಮಾವಳಿಯಲ್ಲಿ ಬಳಕೆಗೆ ಬಾರದ ವಸ್ತುವನ್ನು ಹಾಗೆಂದು ಘೋಷಿಸಿ ವಿಲೇವಾರಿ ಮಾಡುವ ಕ್ರಮವೂ ಇದೆ. ಈ ಎರಡರ ನಡುವೆ, ಇದ್ದೂ ಇಲ್ಲದಂತಿರುವ ವಸ್ತುವಿಗೆ ಒಂದು ಹಲಗೆ ಬದಲಿಸಿದರೆ ಸಾಕೆಂಬ ಸ್ಥಿತಿಯೊಂದಿದೆಯಲ್ಲ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಕಚೇರಿಯ ಈ ಚಾಳಿಯನ್ನು ನಾವು ಮನೆಗೂ ತಂದಿದ್ದೆವು. ಎಂಟು ವರ್ಷ 'ದೋಣಿ – 1' ಎಂದು ಓದಿದ ಪಟ್ಟಿಗೆ ಸಹಿ ಹಾಕಿದವರಲ್ಲಿ ನಾವೂ ಒಬ್ಬರು.

2024ರ ಜನವರಿಯ ಸಭೆಯಲ್ಲಿ ಬಂದ ಪ್ರಸ್ತಾಪ ಊಹಿಸಬಹುದಾದದ್ದೇ. ಅಲ್ಯೂಮಿನಿಯಂ ಗುಜರಿಗೆ ಒಳ್ಳೆಯ ಬೆಲೆಯಿದೆ. ಮಾರಿಬಿಡೋಣ, ಗಾಳಿ ತುಂಬುವ ರಬ್ಬರ್ ದೋಣಿ ಕೊಳ್ಳೋಣ, ಅದರಲ್ಲಿ ಮರವೇ ಇಲ್ಲ. ಹೇಳಿದವರು ಬುದ್ಧಿವಂತರು, ವಾದದಲ್ಲಿ ಹುರುಳಿಲ್ಲದಿಲ್ಲ. ವಿಪತ್ತು ಪಡೆಗಳವರು ಅಂಥ ದೋಣಿಗಳನ್ನು ಬಳಸುತ್ತಾರೆ. ಆದರೆ ಅವರ ಬಳಿ ಅದನ್ನು ಬಿಚ್ಚಿ, ಒಣಗಿಸಿ, ಅಂಟು ಬಿಟ್ಟಿದೆಯೇ ಎಂದು ನೋಡುವ ಜನರೂ ಇದ್ದಾರೆ. ಚೆನ್ನೈಯ ಬಿಸಿಲಿನಲ್ಲಿ ಎಂಟು ವರ್ಷ ಮಡಚಿಟ್ಟ ರಬ್ಬರ್ ಏನಾಗುತ್ತದೆಂದು ತಿಳಿಯಲು ಹಳೆಯ ಸೈಕಲ್ಲಿನ ಟ್ಯೂಬೊಂದನ್ನು ಎಳೆದು ನೋಡಿದರೆ ಸಾಕು. ಕೆಟ್ಟದ್ದು ಹಲಗೆಯೊಂದೇ, ದೋಣಿಯ ಮೈ ಇನ್ನೂ ಇಪ್ಪತ್ತು ವರ್ಷ ಬಾಳುವಂತಿತ್ತು. ನಾವು ಹಲಗೆಯ ಪರವಾಗಿ ನಿಂತೆವು, ಸ್ವಲ್ಪ ಜೋರಾಗಿಯೇ ಮಾತಾಡಿದೆವು, ನಾಲ್ಕು ಮತಗಳ ಅಂತರದಿಂದ ಗೆದ್ದೆವು.

ಈ ಕರಾವಳಿಯ ಹಳೆಯ ದೋಣಿಗಳನ್ನು ನೆನೆದರೆ ನಮ್ಮ ಪಕ್ಷಕ್ಕೆ ಬಲ ಬರುತ್ತದೆ. ಮದರಾಸಿಗೆ ಬಂದರು ಇರದಿದ್ದ ಕಾಲದಲ್ಲಿ ಹಡಗುಗಳು ದೂರದಲ್ಲೇ ಲಂಗರು ಹಾಕುತ್ತಿದ್ದವು. ಅಲೆಗಳ ಹೊಡೆತವನ್ನು ದಾಟಿ ಜನರನ್ನೂ ಸರಕನ್ನೂ ದಡಕ್ಕೆ ತರುತ್ತಿದ್ದವು ಮಸೂಲಾ ದೋಣಿಗಳು. ಅವುಗಳ ಹಲಗೆಗಳಿಗೆ ಮೊಳೆಯಿಲ್ಲ. ತೆಂಗಿನ ನಾರಿನಿಂದ ಹೊಲಿದವು. ಅಲೆ ಬಡಿದಾಗ ಮುರಿಯದೆ ಬಳುಕುತ್ತಿದ್ದವು. ಹೊಲಿಗೆ ಸಡಿಲವಾದರೆ ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು. ಇಂಗ್ಲಿಷಿಗೆ ಕ್ಯಾಟಮರಾನ್ ಎಂಬ ಮಾತನ್ನು ಕೊಟ್ಟ ಕಟ್ಟುಮರವಂತೂ ಇನ್ನೂ ಒಂದು ಹೆಜ್ಜೆ ಮುಂದೆ. ಕಡಲಿಂದ ಬಂದೊಡನೆ ಅದರ ಕಟ್ಟು ಬಿಚ್ಚಿ, ದಿಮ್ಮಿಗಳನ್ನು ಬೇರೆ ಬೇರೆಯಾಗಿ ಮರಳ ಮೇಲೆ ಒಣಹಾಕುತ್ತಿದ್ದರು. ನೀರು ಕುಡಿದ ಮರ ಭಾರವಾಗಿ ಮುಳುಗುತ್ತದೆ. ಮರುದಿನ ಮತ್ತೆ ಕಟ್ಟಬೇಕು. ಹಾಗೆಂದರೆ ಅದರ ಒಂದೊಂದು ದಿಮ್ಮಿಯೂ ಪ್ರತಿದಿನ ಮನುಷ್ಯನ ಕೈಗೆ, ಕಣ್ಣಿಗೆ ಬೀಳುತ್ತಿತ್ತು. 2004ರ ಸುನಾಮಿಯ ನಂತರ ಪರಿಹಾರವಾಗಿ ಫೈಬರ್ ದೋಣಿಗಳು ಹೇರಳವಾಗಿ ಬಂದವು, ಕಟ್ಟುಮರಗಳು ವಿರಳವಾದವು. ಅದಕ್ಕಾಗಿ ಕೊರಗುವುದು ನಮ್ಮ ಕೆಲಸವಲ್ಲ. ಕಟ್ಟುಮರದ ಮೇಲೆ ಕೂತು ದಿನವಿಡೀ ನೆನೆದವರಿಗೆ ಫೈಬರಿನ ಸುಖ ಗೊತ್ತು. ಆದರೆ ಬಿಚ್ಚಲಾಗದಂತೆ ಮುಚ್ಚಿಟ್ಟ ಮರ ನಂಬಿಕೆಗೆ ಅರ್ಹವಲ್ಲವೆಂಬ ಅರಿವು ಆ ಕಟ್ಟು ಬಿಚ್ಚುವ ಕೈಗಳಿಗಿತ್ತು.

ಕೆಲಸಕ್ಕೆ ಬಂದವರು ಅಂದಿನ ಆ ಮೀನುಗಾರರೇ, ಜತೆಗೆ ಅವರ ಪರಿಚಯದ ಬಡಗಿ. ಬೋಲ್ಟುಗಳನ್ನು ಬಿಚ್ಚಿ, ಬಿಚ್ಚಲಾಗದ ರಿವೆಟ್ಟುಗಳ ತಲೆಗಳನ್ನು ಕೊರೆದು, ಕೊಳೆತ ಹಲಗೆಯನ್ನು ಆದಷ್ಟು ಇಡಿಯಾಗಿ ಹೊರತೆಗೆದರು. ಹೊಸದನ್ನು ಕತ್ತರಿಸಲು ಹಳೆಯದೇ ಅಚ್ಚು. ಮೋಟಾರಿನ ಉದ್ದಕ್ಕೆ ಸರಿಯಾಗಿ ಹಲಗೆಯ ಎತ್ತರವನ್ನು ಹದಿನೈದು ಅಂಗುಲಕ್ಕೆ ತಾಳೆ ನೋಡಿದರು. 19 ಮಿಲಿಮೀಟರಿನ ಎರಡು ತುಂಡುಗಳನ್ನು ಎಪಾಕ್ಸಿ ಅಂಟಿನಿಂದ ಕೂಡಿಸಿ ಒತ್ತಿಟ್ಟರು.

ಮರ ಆರಿಸುವಾಗ ಒಂದು ತೊಡಕು ಎದುರಾಯಿತು. ಅಂಗಡಿಯಲ್ಲಿ ಸಿಗುವ ಐ.ಎಸ್. 710 ಗುರುತಿನ ಮೆರೈನ್ ಪ್ಲೈವುಡ್ಡಿನ ಅಂಟು ಉತ್ತಮ. ಕುದಿಯುವ ನೀರಿಗೂ ಬಿಡದು. ಆದರೆ ಹುಳು, ಬೂಷ್ಟು ಹತ್ತದಿರಲೆಂದು ಅದಕ್ಕೆ ಊಡಿಸುವ ಔಷಧದಲ್ಲಿ ತಾಮ್ರದ ಲವಣವಿರುತ್ತದೆ. ಮನೆಯ ಬಾಗಿಲಿಗೆ ಅದು ವರ, ಅಲ್ಯೂಮಿನಿಯಂ ದೋಣಿಗೆ ವಿಷ. ತೇವದೊಡನೆ ಹೊರಬಂದ ತಾಮ್ರ ಅಲ್ಯೂಮಿನಿಯಂ ಮೇಲೆ ಕೂತೊಡನೆ ಎರಡು ಲೋಹಗಳ ನಡುವೆ ಪುಟ್ಟ ಬ್ಯಾಟರಿಯೊಂದು ಹುಟ್ಟಿಕೊಳ್ಳುತ್ತದೆ, ಕರಗುವುದು ಅಲ್ಯೂಮಿನಿಯಂ. ಮೊದಲು ಬಿಳಿಯ ಪುಡಿ, ಆಮೇಲೆ ಗುಳಿ, ಕೊನೆಗೆ ಸೂಜಿಮೊನೆಯಷ್ಟು ತೂತು. ಮರವನ್ನು ಉಳಿಸುವ ಮದ್ದೇ ಲೋಹವನ್ನು ತಿನ್ನುತ್ತದೆ. ಔಷಧವಿಲ್ಲದ ಹಾಳೆ ಬೇಕೆಂದು ಮೂರು ಅಂಗಡಿ ಅಲೆದೆವು. ಮಾರುವವರಿಗೆ ನಮ್ಮ ಪ್ರಶ್ನೆಯೇ ವಿಚಿತ್ರವೆನಿಸಿತು. ಕಡೆಗೆ ಸಿಕ್ಕ ಮೆರೈನ್ ಹಾಳೆಯನ್ನೇ ತಂದು, ಆರೂ ಮೈಗೆ, ಅದರಲ್ಲೂ ನೀರನ್ನು ಹೆಚ್ಚಾಗಿ ಹೀರುವ ಕತ್ತರಿಸಿದ ಅಂಚುಗಳಿಗೆ, ಮೂರು ಸಲ ಎಪಾಕ್ಸಿ ಬಳಿದೆವು. ಬೋಲ್ಟಿನ ತೂತುಗಳನ್ನು ಅಗಲವಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ನಡುವೆ ಮತ್ತೆ ಕೊರೆದೆವು. ಹೀಗಾಗಿ ಬೋಲ್ಟು ಮರವನ್ನು ಎಲ್ಲಿಯೂ ಮುಟ್ಟುವುದಿಲ್ಲ. ತಗಡಿಗೂ ಹಲಗೆಗೂ ನಡುವೆ ಬಣ್ಣ, ಅದರ ಮೇಲೆ ಸೀಲೆಂಟು. ಸ್ಟೇನ್‌ಲೆಸ್ ಬೋಲ್ಟುಗಳ ಕೆಳಗೆ ಪ್ಲಾಸ್ಟಿಕ್ ವಾಷರು, ಅದೂ ಇದೇ ಲೋಹಜಗಳದ ಭಯಕ್ಕೆ. ಇಷ್ಟಾದರೂ ಈ ಆಯ್ಕೆಯ ಬಗ್ಗೆ ನಮಗೆ ಪೂರ್ಣ ನೆಮ್ಮದಿಯಿಲ್ಲವೆಂದು ಒಪ್ಪಿಕೊಳ್ಳುತ್ತೇವೆ.

ಒಳಮೈಯ ಆ ತೆಳುತಗಡನ್ನು ಮತ್ತೆ ಹಾಕಬೇಕೆ ಎಂದು ಬಡಗಿ ಕೇಳಿದರು. ಹಾಕಿದರೆ ಚೆನ್ನಾಗಿ ಕಾಣುತ್ತದೆಂದು ಸಂಘದ ಕೆಲವರು ಅಂದರು. ನಾವು ಬೇಡವೆಂದೆವು. ಮೀನುಗಾರರು ಏನೂ ಹೇಳದೆ ಆ ತಗಡನ್ನೆತ್ತಿ ಗೋಡೆಗೊರಗಿಸಿದರು. ಈಗ ದೋಣಿಯೊಳಗೆ ಕೂತವರಿಗೆ ಹಲಗೆ ಕಾಣುತ್ತದೆ, ಅಷ್ಟೇನೂ ಅಂದವಿಲ್ಲ. ತಿರುಪುಳಿಯ ಹಿಡಿಯಿಂದ ತಟ್ಟಿದರೆ ಟಣ್ಣೆನ್ನುತ್ತದೆ; ಕೊಳೆತ ಕಡೆ ಸದ್ದು ಮಂಕಾಗುತ್ತದೆಂದು ನಮಗೆಲ್ಲ ತಟ್ಟಿ ತೋರಿಸಿದ್ದಾರೆ. ಪಕ್ಕದ ಮನೆಯ ಮಕ್ಕಳು ಕಾರಣವಿಲ್ಲದೆಯೂ ತಟ್ಟುತ್ತಾರೆ.

ಆಸ್ತಿಪಟ್ಟಿಯಲ್ಲಿ ದೋಣಿಯ ಸಾಲಿನ ಮುಂದೆ 'ತಟ್ಟಿ ನೋಡಿದ ದಿನಾಂಕ' ಎಂದೊಂದು ಅಂಕಣ ಸೇರಿಸಿದ್ದೇವೆ. ಕಳೆದ ಸೆಪ್ಟೆಂಬರಿನಲ್ಲಿ ಮಳೆಗೆ ಮುಂಚೆ ಟೋಪಿ ಬಿಚ್ಚಿದಾಗ ಎಡಗಡೆಯ ಕೆಳಗಿನ ಬೋಲ್ಟಿನ ಸುತ್ತ ಚಿಟಿಕೆಯಷ್ಟು ಬಿಳಿಪುಡಿ ಕಂಡಿತು. ಬೋಲ್ಟು ತೆಗೆದು, ಉಜ್ಜಿ, ವಾಷರು ಬದಲಿಸಿ, ಮತ್ತೆ ಸೀಲೆಂಟು ಹಚ್ಚಿ ಬಿಗಿದೆವು. ಅರ್ಧ ದಿನದ ಕೆಲಸ. ಎದುರುಮನೆಯ ಅಮ್ಮ ಬಾಲ್ಕನಿಯಿಂದ ನೋಡುತ್ತಿದ್ದರು. ಮೋಟಾರಿನ ಹಗ್ಗ ಹಳೆಯದಾಯಿತು, ಅದನ್ನೂ ಬದಲಿಸಿ ಎಂದರು. ಬದಲಿಸಿದೆವು. ಹೊಸ ಟಾರ್ಪಾಲಿನ ಖರ್ಚು ಮಾತ್ರ ಮುಂದಿನ ಸಭೆಗೆ ಹೋಗಿದೆ.