ಪ್ರಶ್ನೆ ನಮ್ಮ ಮನೆಗೂ ಬರಲಿ

ಕಳೆದ ಮಳೆಗಾಲದಲ್ಲಿ ನಮ್ಮ ಬಳಗದ ತಿಂಗಳ ಸಭೆಗೆ ವಿದ್ಯಾರ್ಥಿನಿಯೊಬ್ಬಳು ಬಂದಿದ್ದಳು. ನಮ್ಮವರ ಮಗಳೇ, ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಿ. ಸಮಾಜಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದಾಳೆ. ಊರು ಬಿಟ್ಟು ಬಂದು ಈ ನಗರದ ಹೋಟೆಲುಗಳಲ್ಲಿ ದುಡಿದ ಹಿರಿಯರನ್ನು ಮಾತನಾಡಿಸಿ ಪ್ರಬಂಧ ಬರೆಯಬೇಕೆಂಬುದು ಆಕೆಯ ಇಚ್ಛೆ. ಕೈಯಲ್ಲೊಂದು ಪ್ರಶ್ನಾವಳಿಯಿತ್ತು.

ಮೊದಲ ಮೂರು ಪ್ರಶ್ನೆಗಳು ಸರಳವಾಗಿದ್ದವು. ನಿಮ್ಮನ್ನು ಮುಂಬಯಿಗೆ ಕರೆತಂದವರು ಯಾರು? ಬಂದ ದಿನ ರಾತ್ರಿ ಎಲ್ಲಿ ಮಲಗಿದಿರಿ? ಮೊದಲ ಕೆಲಸ ಕೊಟ್ಟವರು ನಿಮಗೆ ಏನಾಗಬೇಕು? ಹಿರಿಯರು ಉತ್ಸಾಹದಿಂದಲೇ ಉತ್ತರಿಸಿದರು. ಸೋದರಮಾವನ ಬೆನ್ನುಹಿಡಿದು ಬಂದದ್ದು, ಹೋಟೆಲು ಮುಚ್ಚಿದ ಮೇಲೆ ಮೇಜು ಜೋಡಿಸಿಕೊಂಡು ಮಲಗಿದ್ದು, ಹಗಲೆಲ್ಲ ದುಡಿದು ಇರುಳು ಕನ್ನಡ ರಾತ್ರಿಶಾಲೆಗೆ ಓಡಿದ್ದು, ಎಲ್ಲವೂ ಬಂದವು. ನಾಲ್ಕನೆಯ ಪ್ರಶ್ನೆಗೆ ಸಭೆ ಸ್ತಬ್ಧವಾಯಿತು: ಹೋಟೆಲಿನಲ್ಲಿ ಒಲೆಯ ಮುಂದೆ ಯಾವ ಜಾತಿಯವರಿದ್ದರು, ಎಂಜಲು ತಟ್ಟೆ ತೊಳೆಯಲು ಯಾವ ಜಾತಿಯವರಿದ್ದರು?

‘ಅದೆಲ್ಲ ಈಗ ಎಂತಕ್ಕೆ ಮಗಾ?’ ಎಂದರು ಹಿರಿಯರೊಬ್ಬರು. ಅಷ್ಟರಲ್ಲಿ ಕಾಫಿ ಬಂತು, ಮಾತು ಬೇರೆಡೆಗೆ ಹೊರಳಿತು. ನಮ್ಮಲ್ಲಿ ಒಬ್ಬರೂ ಆಕೆಯ ಪರವಾಗಿ ಬಾಯಿ ತೆರೆಯಲಿಲ್ಲ. ಆ ಮೌನ ತಪ್ಪಾಗಿತ್ತೆಂದು ಒಪ್ಪಿಕೊಳ್ಳಲು ಈ ಬರಹ.

ಸಮಾಜಶಾಸ್ತ್ರವನ್ನು ಕುರಿತು ನಮ್ಮ ಮನೆಗಳಲ್ಲಿ ಕೇಳಿಬರುವ ಆಕ್ಷೇಪ ಒಂದೇ: ಅದನ್ನು ಓದಿ ಹೊಟ್ಟೆ ತುಂಬುತ್ತದೆಯೇ? ಪರಸ್ಥಳದಲ್ಲಿ ಬೇರೂರಲು ಹೆಣಗಿದ ಕುಟುಂಬಗಳು ಹೀಗೆ ಕೇಳುವುದು ಸಹಜ. ಆದರೆ ಆ ದಿನದ ಸಭೆಯಲ್ಲಿ ನಮಗೆ ಇನ್ನೊಂದು ಆಕ್ಷೇಪ ಕಂಡಿತು. ಇದು ಮನೆಯವರನ್ನೇ ಪ್ರಶ್ನಿಸುವ ವಿದ್ಯೆ. ಭೌತಶಾಸ್ತ್ರ ಓದಿದ ಮಗ ಅಜ್ಜನನ್ನು ಏನೂ ಕೇಳುವುದಿಲ್ಲ. ಸಮಾಜಶಾಸ್ತ್ರ ಓದಿದ ಮಗಳು ಕೇಳುತ್ತಾಳೆ. ಸಂಬಳದ ಮಾತಿನ ಹಿಂದೆ ನಾವು ಬಚ್ಚಿಟ್ಟುಕೊಂಡಿರುವುದು ಈ ಅಳುಕನ್ನೇ.

ಹಾಗೆ ನೋಡಿದರೆ, ಈ ವಿದ್ಯೆ ನಮ್ಮಂಥವರಿಗೆ ಪರಕೀಯವಲ್ಲ. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ವಿಭಾಗ ಆರಂಭವಾದದ್ದು 1919ರಲ್ಲಿ, ಪ್ಯಾಟ್ರಿಕ್ ಗೆಡ್ಡೆಸ್ ಅವರ ನೇತೃತ್ವದಲ್ಲಿ. 1924ರಿಂದ ಜಿ.ಎಸ್. ಘುರ್ಯೆ ಅದನ್ನು ಕಟ್ಟಿ ಬೆಳೆಸಿದರು. ಅವರ ಬಳಿ ಕಲಿತವರಲ್ಲಿ ಮೈಸೂರಿನಿಂದ ಬಂದ ಎಂ.ಎನ್. ಶ್ರೀನಿವಾಸ್ ಒಬ್ಬರು. ಮುಂಬಯಿಯಲ್ಲಿ ಕುಳಿತು ಆ ತರುಣ ಮೊದಲು ಅಧ್ಯಯನಕ್ಕೆ ಎತ್ತಿಕೊಂಡದ್ದು ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬಗಳನ್ನು. ಆ ಕೃತಿ 1942ರಲ್ಲಿ ಪ್ರಕಟವಾಯಿತು. ಮುಂದೆ 1959ರಲ್ಲಿ ದೆಹಲಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ವಿಭಾಗವನ್ನು ಸ್ಥಾಪಿಸಿದವರೂ ಅವರೇ. ಊರಿನಿಂದ ದೂರ ಬಂದ ಕನ್ನಡಿಗನೊಬ್ಬ ತಿರುಗಿ ನಿಂತು ತನ್ನವರ ಮನೆಯನ್ನು ನೋಡಿದ್ದು ಈ ಶಾಸ್ತ್ರದ ಚರಿತ್ರೆಯಲ್ಲೇ ಇದೆ.

ಹೀಗೆ ನೋಡಲು ಬೇಕಾದ ಸಾಮಗ್ರಿ ನಮ್ಮ ಅಡುಗೆಮನೆಯ ಮಾತಿನಲ್ಲೇ ಸಿಗುತ್ತದೆ. ತಂದೆಯ ತಂಗಿ ನಮಗೆ ಅತ್ತೆ. ಸೋದರಮಾವನ ಹೆಂಡತಿಯೂ ಅತ್ತೆ. ಗಂಡನ ಅಥವಾ ಹೆಂಡತಿಯ ತಾಯಿಯೂ ಅತ್ತೆಯೇ. ಮರಾಠಿಯಲ್ಲಿ ಈ ಮೂವರು ಆತ್ಯಾ, ಮಾಮಿ, ಸಾಸೂ ಎಂದು ಬೇರೆ ಬೇರೆ. ಅತ್ತೆಯ ಮಕ್ಕಳನ್ನು, ಸೋದರಮಾವನ ಮಕ್ಕಳನ್ನು ಮದುವೆಯಾಗಬಹುದಾದ ಸಮಾಜದ ಕಟ್ಟುಪಾಡು ನಮ್ಮ ಆ ಒಂದು ಪದದಲ್ಲಿ ಅಡಗಿದೆ. ಘುರ್ಯೆಯವರಲ್ಲೇ ಕಲಿತು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಬೋಧಿಸಿದ ಇರಾವತಿ ಕರ್ವೆ 1953ರ ತಮ್ಮ ಗ್ರಂಥದಲ್ಲಿ ಭಾರತದ ಉತ್ತರ-ದಕ್ಷಿಣಗಳ ಬಂಧುತ್ವವನ್ನು ಹೋಲಿಸುವಾಗ ಇಂಥ ಸಂಬಂಧವಾಚಕಗಳನ್ನೇ ಆಧಾರವಾಗಿ ಹಿಡಿದರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ತರಗತಿಯಲ್ಲಿ ಇಂಗ್ಲಿಷ್ ಬಳಸುವ ನಮ್ಮ ಮಕ್ಕಳಿಗೆ ಈ ಹೋಲಿಕೆ ಪಠ್ಯಪುಸ್ತಕಕ್ಕಿಂತ ಮೊದಲೇ ದಕ್ಕಿರುತ್ತದೆ. ಅದು ವಿದ್ಯೆಯ ಬಂಡವಾಳವೆಂದು ಅವರಿಗೆ ಹೇಳಿದವರಿಲ್ಲ, ಅಷ್ಟೇ.

ಆದರೆ ಮನೆಯವನಾಗಿರುವುದೇ ಎಲ್ಲವನ್ನೂ ಕಾಣಿಸುವುದಿಲ್ಲ. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ ಅಧ್ಯಯನ ನಡೆಸಿದರು. ಬರಹದಲ್ಲಿ ಅದನ್ನು ರಾಂಪುರವೆಂದು ಕರೆದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಅವರು ವರ್ಷಗಳಿಂದ ಸಂಸ್ಕರಿಸಿಟ್ಟಿದ್ದ ಟಿಪ್ಪಣಿಗಳು ಬೆಂಕಿಗೆ ಆಹುತಿಯಾದವು. ನೆನಪನ್ನೇ ನೆಚ್ಚಿಕೊಂಡು ಅವರು ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂತು. ತಾನು ಬ್ರಾಹ್ಮಣನೆಂಬ ಕಾರಣಕ್ಕೆ ಊರು ತನ್ನನ್ನು ಹೇಗೆ ನಡೆಸಿಕೊಂಡಿತು, ಅದರಿಂದ ಯಾವ ಕೇರಿಯ ಬದುಕು ತನಗೆ ಸರಿಯಾಗಿ ಕಾಣಲಿಲ್ಲ ಎಂಬುದನ್ನೂ ಅವರು ಅಲ್ಲಿ ಮುಚ್ಚಿಡಲಿಲ್ಲ. ನಾಲ್ಕನೆಯ ಪ್ರಶ್ನೆ ನಮ್ಮಿಂದ ಬಯಸುವುದು ಇಂಥದೇ ಪ್ರಾಮಾಣಿಕತೆಯನ್ನು: ನಾನು ಎಲ್ಲಿ ನಿಂತಿದ್ದೆ, ಅಲ್ಲಿಂದ ಯಾರು ಕಾಣಲಿಲ್ಲ?

ನಗರಕ್ಕೆ ಬಂದರೆ ಜಾತಿ ಕರಗುತ್ತದೆಂದು ನಾವು ಭಾವಿಸಿದ್ದೆವು. ನಮ್ಮನ್ನು ಇಲ್ಲಿಗೆ ಎಳೆದುತಂದ ಹಗ್ಗವೇ ಜಾತಿಯೆಂಬುದನ್ನು ಮಾತ್ರ ಮರೆತೆವು. ಕೆಲಸ ಕೊಡಿಸಿದ್ದು, ಕೋಣೆ ಕೊಟ್ಟದ್ದು, ರಾತ್ರಿಶಾಲೆಗಳನ್ನು ಕಟ್ಟುವುದಕ್ಕೂ ಹೆಗಲು ಕೊಟ್ಟದ್ದು ಬಹುಮಟ್ಟಿಗೆ ನಮ್ಮ ನಮ್ಮ ಜಾತಿಯ ಸಂಘಗಳು. ಅವುಗಳ ಉಪಕಾರವನ್ನು ಅಲ್ಲಗಳೆಯುವ ಕೃತಘ್ನತೆ ನಮಗೆ ಬೇಡ. ಆದರೆ ಹಗ್ಗ ಯಾರ ಕೈಗೆ ಎಟುಕಲಿಲ್ಲವೋ ಅವರ ಕಥೆ ನಮ್ಮ ಸ್ಮರಣಸಂಚಿಕೆಗಳಲ್ಲಿಲ್ಲ. ನಾಲ್ಕನೆಯ ಪ್ರಶ್ನೆ ಹುಡುಕಿಕೊಂಡು ಬಂದದ್ದು ಅವರನ್ನು.

ಹಿರಿಯರ ಹಿಂಜರಿಕೆಯಲ್ಲೂ ನ್ಯಾಯವಿದೆ. ತಾವು ಹೇಳಿದ್ದು ಎಲ್ಲೋ ಇಂಗ್ಲಿಷಿನಲ್ಲಿ ಅಚ್ಚಾಗಿ, ತಮಗೆ ತಿಳಿಯದ ಭಾಷೆಯಲ್ಲಿ ತಮ್ಮ ವಿಚಾರಣೆ ನಡೆದರೆ ಯಾರಿಗೆ ಹಿತ? ಆದ್ದರಿಂದ ಸಮಾಜಶಾಸ್ತ್ರ ಓದುವ ಮಕ್ಕಳಲ್ಲಿ ನಮ್ಮದೊಂದು ಕೋರಿಕೆ. ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ. ಕಂಡುಕೊಂಡದ್ದನ್ನು ಕನ್ನಡದಲ್ಲಿ ಹಿಂದಿರುಗಿಸಿ. ಉತ್ತರಿಸಿದವರೇ ನಿಮ್ಮ ಮೊದಲ ಓದುಗರಾಗಲಿ. ಸಂಘಗಳಲ್ಲಿ ನಮ್ಮ ವಿನಂತಿ ಇನ್ನೂ ಸಣ್ಣದು: ಇಂಥ ಮಕ್ಕಳಿಗೆ ಒಂದು ಕುರ್ಚಿ ಕೊಡಿ, ಹಳೆಯ ನಡಾವಳಿ ಪುಸ್ತಕಗಳ ಕಪಾಟಿನ ಬೀಗ ತೆಗೆಯಿರಿ. ಶ್ರೀನಿವಾಸರಿಗೆ ಸುಟ್ಟುಹೋಗಲು ಟಿಪ್ಪಣಿಗಳಾದರೂ ಇದ್ದವು. ನಮ್ಮ ಹಿರಿಯರದು ಬರೆದಿಡದ ನೆನಪು; ಅದು ಅಳಿಯಲು ಬೆಂಕಿಯೂ ಬೇಕಿಲ್ಲ.

ಮುಂದಿನ ಸಭೆಗೆ ಆಕೆಯನ್ನು ನಾವೇ ಕರೆಸಿಕೊಂಡೆವು. ಅಧ್ಯಯನ ಸಾಗುತ್ತಿದೆ. ನಾಲ್ಕನೆಯ ಪ್ರಶ್ನೆಗೆ ಈವರೆಗೆ ಉತ್ತರಿಸಿದವರು ಇಬ್ಬರು. ಅವರಲ್ಲೊಬ್ಬರು ಹೋಟೆಲಿನಲ್ಲಿ ತಟ್ಟೆ ತೊಳೆದವರು. ಇಷ್ಟು ವರ್ಷ ನಮ್ಮ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿರುತ್ತಿದ್ದ ಅವರು ಇಷ್ಟು ಹೊತ್ತು ಮಾತನಾಡಿದ್ದನ್ನು ನಾವು ಕೇಳಿದ್ದು ಅದೇ ಮೊದಲು.