ಸೂರಿಲ್ಲದವರು ಯಾರ ಲೆಕ್ಕದಲ್ಲಿದ್ದಾರೆ?

ಹುಬ್ಬಳ್ಳಿ ಕಡೆಯಿಂದ ಬಂದ ರಾತ್ರಿ ಬಸ್ಸು ನನ್ನನ್ನು ರಾಣೆಬೆನ್ನೂರಿನಲ್ಲಿ ಇಳಿಸಿದಾಗ ಫಜ್ರ್ ಅಝಾನಿಗೆ ಇನ್ನೂ ಸಮಯವಿತ್ತು. ಹಲಗೇರಿಗೆ ಹೋಗುವ ಮೊದಲ ಬಸ್ಸಿಗಾಗಿ ಕಾಯುತ್ತಾ ಕುಳಿತೆ. ನಿಲ್ದಾಣದ ಕಟ್ಟೆಯ ಮೇಲೆ ಐದಾರು ಮಂದಿ ಗೋಣಿಚೀಲ ಹಾಸಿ ಮಲಗಿದ್ದರು. ಅವರೆಲ್ಲರೂ ನನ್ನಂತೆ ಬಸ್ಸಿಗೆ ಕಾಯುತ್ತಿರುವವರೆಂದೇ ಮೊದಲು ಭಾವಿಸಿದ್ದೆ. ಪಕ್ಕದಲ್ಲಿದ್ದ ಮುದುಕಿಯೊಬ್ಬರು ಎದ್ದು ಕುಳಿತು, "ತಮ್ಮಾ, ಟೈಮ್ ಎಷ್ಟಾತು?" ಎಂದು ಕೇಳಿದರು. ನಾಲ್ಕೂವರೆ ಎಂದೆ. "ಹಂಗಾರ ಏಳಬೇಕು, ಕಸಾ ಹೊಡಿಯೋರು ಬರ್ತಾರ" ಎನ್ನುತ್ತಾ ಗೋಣಿಚೀಲ ಮಡಚತೊಡಗಿದರು. ಯಾವ ಊರಿಗೆ ಹೋಗಬೇಕಮ್ಮಾ ಎಂದು ಕೇಳಿದ್ದಕ್ಕೆ ಅವರು ನಕ್ಕರು. ಹೋಗಬೇಕಾದ ಊರು ಯಾವುದೂ ಅವರಿಗಿರಲಿಲ್ಲ.

ವರದಾ ನದಿಯ ದಂಡೆಯ ಹಳ್ಳಿಯೊಂದರಲ್ಲಿ ಅವರಿಗೊಂದು ಮಣ್ಣಿನ ಮನೆಯಿತ್ತು. 2019ರ ಆಗಸ್ಟ್‌ನ ನೆರೆಯಲ್ಲಿ ಅದು ಕುಸಿಯಿತು. ಪೂರ್ಣ ಬಿದ್ದ ಮನೆಗೆ ಐದು ಲಕ್ಷ ರೂಪಾಯಿಯನ್ನು ಸರಕಾರವು ಅಂದು ಘೋಷಿಸಿತ್ತು. "ನೋಡಾಕ ಬಂದಿದ್ರು, ಫೋಟೋನೂ ಹೊಡಕೊಂಡು ಹೋದ್ರು. ಉತಾರ ನಿನ್ನ ಹೆಸರಿಲೆ ಇಲ್ಲಬೇ ಅಂದ್ರು." ಉತಾರವು ತೀರಿಹೋದ ಮಾವನ ಹೆಸರಿನಲ್ಲಿತ್ತು. ಗಂಡ ಬದುಕಿರಲಿಲ್ಲ. ಮೈದುನರು ಸಹಿ ಹಾಕಲಿಲ್ಲ. ಮೆಣಸಿನಕಾಯಿಯ ಹಂಗಾಮಿನಲ್ಲಿ ಅವರು ಬ್ಯಾಡಗಿಗೆ ಹೋಗಿ ತೊಟ್ಟು ಬಿಡಿಸುತ್ತಾರೆ. ಹಂಗಾಮು ಮುಗಿದ ಮೇಲೆ ಸಿಕ್ಕ ಕೂಲಿ, ಸಿಕ್ಕ ಕಟ್ಟೆ.

ಈಕೆ ಭಿಕ್ಷುಕಿಯಲ್ಲ, ಬುದ್ಧಿ ಸ್ಥಿಮಿತ ತಪ್ಪಿದವರಲ್ಲ, ಮನೆ ಬಿಟ್ಟು ಓಡಿ ಬಂದವರೂ ಅಲ್ಲ. ಬೀದಿಯಲ್ಲಿ ಮಲಗುವವರ ಬಗ್ಗೆ ನಾವು ಸಾಮಾನ್ಯವಾಗಿ ಹೊಂದಿರುವ ಮೂರು ತೀರ್ಮಾನಗಳಲ್ಲಿ ಒಂದೂ ಅವರಿಗೆ ಒಪ್ಪುವುದಿಲ್ಲ. ಅವರ ಬಳಿ ಇಲ್ಲದಿದ್ದುದು ಒಂದು ಕಾಗದ ಮಾತ್ರ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಸೂರಿಲ್ಲದವರ ಸಂಖ್ಯೆ 17.73 ಲಕ್ಷ. ಕರ್ನಾಟಕದ ಪಾಲು 76 ಸಾವಿರಕ್ಕೂ ಹೆಚ್ಚು. 2001ಕ್ಕೆ ಹೋಲಿಸಿದರೆ ಒಟ್ಟು ಸಂಖ್ಯೆ ಇಳಿದಿತ್ತು. ಆದರೆ ನಗರಗಳಲ್ಲಿ ಅದು 7.78 ಲಕ್ಷದಿಂದ 9.38 ಲಕ್ಷಕ್ಕೆ ಏರಿತ್ತು. ಈ ಲೆಕ್ಕ ಸಿಕ್ಕಿದ್ದಾದರೂ ಹೇಗೆ? ಫೆಬ್ರವರಿ 28ರ ಒಂದೇ ರಾತ್ರಿ ಗಣತಿದಾರರು ರಸ್ತೆ ಬದಿ, ಸೇತುವೆಯ ಅಡಿ, ರೈಲ್ವೆ ಪ್ಲಾಟ್‌ಫಾರ್ಮ್, ಪೂಜಾ ಸ್ಥಳಗಳ ಬಯಲಿನಲ್ಲಿ ಮಲಗಿದವರನ್ನು ಎಣಿಸುತ್ತಾರೆ. ಆ ರಾತ್ರಿ ಯಾರದೋ ಅಂಗಡಿಯ ಹಿಂಬದಿಯಲ್ಲಿ ಮಲಗಿದವನು, ಪೊಲೀಸರಿಗೆ ಹೆದರಿ ಕತ್ತಲಿಗೆ ಸರಿದವನು ಗಣತಿಯಲ್ಲಿ ಇಲ್ಲವೇ ಇಲ್ಲ. ಎಣಿಕೆಗೆ ಸಿಗದವನಿಗೆ ಯೋಜನೆಯೂ ಇಲ್ಲ, ಅನುದಾನವೂ ಇಲ್ಲ.

ಎಣಿಕೆಯ ಈ ಮಹತ್ವವನ್ನು ಮೊದಲಿಗೆ ಅರಿತವರಲ್ಲಿ ದೆಹಲಿಯ ಆಶ್ರಯ್ ಅಧಿಕಾರ್ ಅಭಿಯಾನ್ ಎಂಬ ಸ್ವಯಂಸೇವಾ ಸಂಸ್ಥೆಯೂ ಒಂದು. 2000ದಲ್ಲಿ ಅದರ ಕಾರ್ಯಕರ್ತರು ರಾತ್ರಿ ವೇಳೆ ದೆಹಲಿಯ ಬೀದಿಗಳಲ್ಲಿ ನಡೆದು 52,765 ಮಂದಿಯನ್ನು ಎಣಿಸಿದರು. ಕಣ್ಣಿಗೆ ಬಿದ್ದವರು ಇಷ್ಟು, ಬೀಳದವರು ಇನ್ನೆಷ್ಟೋ ಎಂದು ಅವರೇ ಹೇಳಿದರು. ಅವರ ಇನ್ನೊಂದು ಕೆಲಸ ನಮ್ಮ ಗಮನಕ್ಕೆ ಬರಲೇಬೇಕು. ಜಾಮಾ ಮಸೀದಿಯ ಬಳಿ ಬೀದಿಯಲ್ಲಿ ಬದುಕುವ ಮಾನಸಿಕ ರೋಗಿಗಳಿಗಾಗಿ, ಸರಕಾರಿ ಮಾನಸಿಕ ಆಸ್ಪತ್ರೆಯ ವೈದ್ಯರು ಮತ್ತು ಕಾನೂನು ಸೇವಾ ಪ್ರಾಧಿಕಾರದ ಜೊತೆಗೂಡಿ ಅವರು ಬಯಲಿನಲ್ಲೇ ಚಿಕಿತ್ಸಾಲಯ ನಡೆಸಿದರು. ಆ ಮಸೀದಿಯ ಮೆಟ್ಟಿಲುಗಳ ಫೋಟೋವನ್ನು ನಾವು ಗೋಡೆಗೆ ತೂಗುಹಾಕಿಕೊಂಡಿದ್ದೇವೆ. ಆ ಮೆಟ್ಟಿಲುಗಳಾಚೆ ಮಲಗಿದವರ ಹೆಸರು ಕೇಳಲು ಒಂದು ಸಂಸ್ಥೆಯೇ ಹುಟ್ಟಬೇಕಾಯಿತು.

ದೇಶದ ಮಟ್ಟದಲ್ಲಿ ವಿಷಯ ಕದಲಿದ್ದು ಒಂದು ಅನಾಹುತದ ನಂತರ. 2009ರ ಡಿಸೆಂಬರ್‌ನ ಚಳಿಯಲ್ಲಿ ದೆಹಲಿಯ ಪೂಸಾ ರಸ್ತೆಯ ರಾತ್ರಿ ಆಶ್ರಯ ತಾಣವೊಂದನ್ನು ಕೆಡವಲಾಯಿತು. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಮ್ ಕೋರ್ಟಿನ ಆಯುಕ್ತರಾಗಿದ್ದ ಎನ್.ಸಿ. ಸಕ್ಸೇನಾ ಮತ್ತು ಹರ್ಷ ಮಂದರ್ ನ್ಯಾಯಾಲಯಕ್ಕೆ ಪತ್ರ ಬರೆದರು. 2010ರಲ್ಲಿ ನ್ಯಾಯಾಲಯವು ಸ್ಪಷ್ಟ ಮಾನದಂಡ ವಿಧಿಸಿತು: ನಗರದ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ ನೂರು ಮಂದಿಗೆ ಆಶ್ರಯ ಕೇಂದ್ರವಿರಬೇಕು, ಅದು ವರ್ಷವಿಡೀ ದಿನದ 24 ಗಂಟೆಯೂ ತೆರೆದಿರಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನವು ಇದೇ ಮಾನದಂಡವನ್ನು ಅಂಗೀಕರಿಸಿ, ಲಕ್ಷ ಮೀರಿದ ನಗರಗಳನ್ನೂ ಜಿಲ್ಲಾ ಕೇಂದ್ರಗಳನ್ನೂ ತನ್ನ ವ್ಯಾಪ್ತಿಗೆ ತಂದುಕೊಂಡಿತು. ಹಣವಿದ್ದೂ ರಾಜ್ಯಗಳು ಕಟ್ಟಲಿಲ್ಲ. 2016ರಲ್ಲಿ ಸುಪ್ರೀಮ್ ಕೋರ್ಟು ನಿವೃತ್ತ ನ್ಯಾಯಾಧೀಶ ಕೈಲಾಶ್ ಗಂಭೀರ್ ಅವರ ಸಮಿತಿಯನ್ನು ನೇಮಿಸಿ, ಕಟ್ಟಿದ್ದೆಷ್ಟು ಎಂದು ನೋಡಿಕೊಂಡು ಬರಲು ಹೇಳಬೇಕಾಯಿತು.

ರಾಣೆಬೆನ್ನೂರಿನ ಜನಸಂಖ್ಯೆ 2011ರಲ್ಲಿಯೇ 1,06,406. ಅಂದರೆ ನೂರು ಹಾಸಿಗೆಗಳ ಹಕ್ಕು ಈ ಊರಿಗಿದೆ. ಹಾವೇರಿ ಜಿಲ್ಲಾ ಕೇಂದ್ರವಾದ್ದರಿಂದ ಅದಕ್ಕೂ ಇದೆ. ಕಟ್ಟೆಯ ಮೇಲಿದ್ದ ಆ ಅಮ್ಮನಿಗೆ ಇಂಥದ್ದೊಂದು ವ್ಯವಸ್ಥೆ ಇರಬಹುದೆಂಬ ಸುದ್ದಿಯೇ ತಲುಪಿರಲಿಲ್ಲ. ನಮ್ಮ ನಗರಸಭಾ ಸದಸ್ಯರನ್ನು ನಾವು ಚರಂಡಿಯ ಬಗ್ಗೆ, ನಲ್ಲಿಯ ನೀರಿನ ಬಗ್ಗೆ ಕೇಳುತ್ತೇವೆ, ಕೇಳಲೇಬೇಕು. ಈ ನೂರು ಹಾಸಿಗೆಗಳ ಬಗ್ಗೆ ಕೇಳಿದವರು ಎಷ್ಟು ಮಂದಿ?

ಸರಕಾರವು ಬಡವನನ್ನು ಗುರುತಿಸುವ ಇನ್ನೊಂದು ಬಗೆಯೂ ಇದೆ. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಿದೆ. ನಾವು ಕಟ್ಟುವ ಆಸ್ತಿ ತೆರಿಗೆಯೊಂದಿಗೆ ನೂರಕ್ಕೆ ಮೂರರಂತೆ ಭಿಕ್ಷುಕರ ಕರವೂ ಸೇರಿರುತ್ತದೆ. ರಸೀದಿಯನ್ನು ಒಮ್ಮೆ ತೆಗೆದು ನೋಡಿ. ಆ ಹಣದಿಂದ ನಡೆಯುವ ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ ಜನ ತಾವಾಗಿ ಹೋಗುವುದಕ್ಕಿಂತ ಹಿಡಿದು ತರಲ್ಪಡುವುದೇ ಹೆಚ್ಚು. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಸಮಾಜ ಕಲ್ಯಾಣ ಸಚಿವರು ಖಾತೆ ಕಳೆದುಕೊಂಡರು. ಕಾಯ್ದೆ ಉಳಿಯಿತು. ದೆಹಲಿ ಹೈಕೋರ್ಟು 2018ರಲ್ಲಿ, ಭಿಕ್ಷೆ ಬೇಡುವುದನ್ನು ಅಪರಾಧವೆನ್ನುವ ಕಲಮುಗಳನ್ನು ರದ್ದುಪಡಿಸಿತು. ಅನ್ನ, ಬಟ್ಟೆ, ಸೂರು ಕೊಡಲಾಗದ ಪ್ರಭುತ್ವವೇ ಬೇಡಿದವನನ್ನು ಶಿಕ್ಷಿಸುವುದು ಯಾವ ನ್ಯಾಯ?

ಮನೆಯಿಲ್ಲದವನಿಗೆ ಆಶ್ರಯ ಕೊಡುವುದು ಒಂದು ಕೆಲಸವಾದರೆ, ಇದ್ದ ಮನೆಯನ್ನು ಕಳೆದುಕೊಳ್ಳದಂತೆ ನೋಡಿಕೊಳ್ಳುವುದು ಅದಕ್ಕಿಂತ ದೊಡ್ಡ ಕೆಲಸ. ಇಲ್ಲಿ ಪ್ರಭುತ್ವದ ಪಾತ್ರ ಇನ್ನಷ್ಟು ಕಟುವಾದುದು. 2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರಿನ ಬಳಿ, ಕರಿಯಮ್ಮನ ಅಗ್ರಹಾರದಲ್ಲಿ, ಕೂಲಿಕಾರರ ಗುಡಿಸಲುಗಳನ್ನು ನೆಲಸಮ ಮಾಡಲಾಯಿತು. ಅಲ್ಲಿರುವವರು ಬಾಂಗ್ಲಾದೇಶೀಯರು ಎಂಬ ಗುಲ್ಲೇ ಅದಕ್ಕೆ ಆಧಾರ. ಬೀದಿಗೆ ಬಿದ್ದವರಲ್ಲಿ ಅಸ್ಸಾಮ್, ತ್ರಿಪುರಾದವರ ಜೊತೆಗೆ ನಮ್ಮ ಉತ್ತರ ಕರ್ನಾಟಕದ ಕೂಲಿಕಾರರೂ ಇದ್ದರು. ಸುಳ್ಳು ಗುಲ್ಲು ಹಬ್ಬಿಸುವವನ ಗುರಿ ಒಬ್ಬನಾದರೂ ಬುಲ್ಡೋಜರಿಗೆ ಹೆಸರು ಓದಲು ಬರುವುದಿಲ್ಲ. 2024ರ ನವೆಂಬರ್ 13ರಂದು ಸುಪ್ರೀಮ್ ಕೋರ್ಟು, ಆರೋಪಿಯ ಮನೆಯೆಂಬ ಕಾರಣಕ್ಕೆ ಕೆಡವುವಂತಿಲ್ಲ, ಹದಿನೈದು ದಿನಗಳ ನೋಟೀಸು ಕೊಡಲೇಬೇಕು ಎಂದು ತೀರ್ಪಿತ್ತಿತು. ನಾವೆಲ್ಲರೂ ಅದನ್ನು ಸ್ವಾಗತಿಸಿದೆವು. ಆದರೆ ರಸ್ತೆ, ಫುಟ್‌ಪಾತ್, ರೈಲು ಹಳಿ, ನದಿ ಪಾತ್ರದಲ್ಲಿರುವ ಅನಧಿಕೃತ ಕಟ್ಟಡಗಳಿಗೆ ಈ ನಿರ್ದೇಶನಗಳು ಅನ್ವಯಿಸುವುದಿಲ್ಲ ಎಂಬ ಸಾಲೂ ಅದರಲ್ಲಿದೆ. ಕಡುಬಡವನ ಗುಡಿಸಲು ಇರುವುದು ಬೇರೆಲ್ಲಿ?

ಇನ್ನು ನಮ್ಮ ಮಾತಿಗೆ ಬರೋಣ. ಮದೀನಾದ ಪ್ರವಾದಿ ಮಸೀದಿಯಲ್ಲಿ ಸುಫ್ಫಾ ಎಂಬ ನೆರಳಿನ ಜಗಲಿಯಿತ್ತು. ಮನೆಯಿಲ್ಲದ ಅನುಚರರು ಅಲ್ಲಿ ಮಲಗುತ್ತಿದ್ದರು, ಅಲ್ಲೇ ಕಲಿಯುತ್ತಿದ್ದರು. ಹದೀಸಿನ ಪ್ರಸಿದ್ಧ ವರದಿಗಾರ ಅಬೂ ಹುರೈರಾ(ರ) ಆ ಜಗಲಿಯವರೇ. ಮದ್ರಸದಲ್ಲಿ ಈ ಪಾಠವನ್ನು ಓದುವಾಗ ನನಗೆ ಅದು ವಿದ್ಯೆಯ ಕತೆಯಾಗಿ ಮಾತ್ರ ಕೇಳಿಸಿತ್ತು. ಸೂರಿನ ಕತೆಯೂ ಹೌದೆಂದು ತಿಳಿಯಲು ಬಸ್ ನಿಲ್ದಾಣಕ್ಕೆ ಬರಬೇಕಾಯಿತು. ನಮ್ಮ ಹಿರಿಯರು ಮುಸಾಫಿರ್‌ಖಾನೆಗಳನ್ನು ಕಟ್ಟಿ ವಕ್ಫ್ ಮಾಡಿದ್ದು ಇದೇ ಪರಂಪರೆಯಲ್ಲಿ. ಎಷ್ಟೋ ಊರುಗಳಲ್ಲಿ ಇಂದು ಅವು ಬಾಡಿಗೆಯ ಮಳಿಗೆಗಳಾಗಿವೆ. ಇಶಾ ನಮಾಝ್ ಮುಗಿದೊಡನೆ ಗೇಟಿಗೆ ಬೀಗ ಬೀಳುತ್ತದೆ. ಕಳ್ಳತನದ ಭಯ ನಿಜವೇ, ನಾನದನ್ನು ಅಲ್ಲಗಳೆಯುವುದಿಲ್ಲ. ಆದರೆ ಹಳೆಯ ಮುಸಾಫಿರ್‌ಖಾನೆಯ ಎರಡು ಕೋಣೆಗಳಿಗೆ ಒಬ್ಬ ಕಾವಲುಗಾರನನ್ನು ನೇಮಿಸಲಾಗದಷ್ಟು ಬಡವರೇ ನಮ್ಮ ಜಮಾಅತ್‌ಗಳು?

ಝಕಾತ್‌ನ ಎಂಟು ಹಕ್ಕುದಾರರಲ್ಲಿ ಸಾಲದಲ್ಲಿ ಮುಳುಗಿದವನೂ ಇದ್ದಾನೆ, ದಾರಿಹೋಕನೂ ಇದ್ದಾನೆ. ರಮಝಾನಿನಲ್ಲಿ ನಾವು ಸೀರೆ ಹಂಚುತ್ತೇವೆ, ಬಾಗಿಲಿಗೆ ಬಂದವರಿಗೆ ಚಿಲ್ಲರೆ ಕೊಡುತ್ತೇವೆ. ಕಾಯಿಲೆ ಬಿದ್ದು ಎರಡು ತಿಂಗಳ ಬಾಡಿಗೆ ಉಳಿಸಿಕೊಂಡ ಹಮಾಲನ ಮನೆ ಬಾಗಿಲಿಗೆ ಮಾಲೀಕ ಬಂದು ನಿಂತ ದಿನ ಯಾರು ಹೋಗುತ್ತಾರೆ? ಆ ಎರಡು ತಿಂಗಳ ಬಾಡಿಗೆಯನ್ನು ಆಗಲೇ ಕೊಟ್ಟರೆ ಒಂದು ಕುಟುಂಬ ಬೀದಿಗೆ ಬೀಳುವುದು ತಪ್ಪುತ್ತದೆ. ಒಮ್ಮೆ ಬಿದ್ದ ಮೇಲೆ ಎತ್ತಲು ಅದರ ಹತ್ತು ಪಟ್ಟು ಸಾಲದು. ಹಾಗೆಯೇ ವಾರಸಾ ದಾಖಲೆ ಮಾಡಿಸಿಕೊಡುವುದು, ಉತಾರದಲ್ಲಿ ವಿಧವೆಯ ಹೆಸರು ಸೇರಿಸಲು ಕಚೇರಿಗೆ ಜೊತೆಯಲ್ಲಿ ಹೋಗುವುದು. ನಮ್ಮಲ್ಲಿ ಕಾನೂನು ಓದಿದ ಯುವಕರಿದ್ದಾರೆ. ಶುಕ್ರವಾರ ಜುಮಾದ ನಂತರ ಅರ್ಧ ಗಂಟೆ ಮಸೀದಿಯ ಜಗಲಿಯಲ್ಲಿ ಕುಳಿತರೂ ಸಾಕು. ಬರುವವರು ಮುಸ್ಲಿಮರೋ ಲಂಬಾಣಿಗಳೋ ಎಂದು ಕೇಳುವ ಅಗತ್ಯವಿಲ್ಲ. ವರದೆಯ ನೀರು ಕೇಳಿರಲಿಲ್ಲ.

ಇದೆಲ್ಲ ಆಗದ ಮಾತು ಎನ್ನುವವರು ಫಿನ್‌ಲ್ಯಾಂಡನ್ನು ನೋಡಬಹುದು. ಅಲ್ಲಿ 1985ರಲ್ಲಿ ಸ್ಥಾಪನೆಯಾದ ವೈ-ಫೌಂಡೇಶನ್ ಎಂಬ ಸಂಸ್ಥೆ ಮನೆಗಳನ್ನು ಕೊಂಡು ನಿರ್ವಸತಿಗರಿಗೆ ಬಾಡಿಗೆಗೆ ಕೊಡುತ್ತಾ ಬಂತು. ಮೊದಲು ಕುಡಿತ ಬಿಡು, ಕೆಲಸ ಹುಡುಕು, ಆಮೇಲೆ ಮನೆ ಎಂಬ ಷರತ್ತನ್ನು 2008ರಿಂದ ಆ ದೇಶವೇ ತಿರುಗಿಸಿ, ಮೊದಲು ಮನೆ ಎಂದಿತು. 1980ರ ದಶಕದಲ್ಲಿ ಹದಿನೇಳು ಸಾವಿರ ಮೀರಿದ್ದ ನಿರ್ವಸತಿಗರ ಸಂಖ್ಯೆ 2023ರಲ್ಲಿ ನಾಲ್ಕು ಸಾವಿರದೊಳಗೆ ಬಂದಿತ್ತು. 2024ರಲ್ಲಿ ಅದು ಮತ್ತೆ ಏರಿತು ಎಂಬುದನ್ನೂ ಹೇಳಬೇಕು. ಅದೇ ಹೊತ್ತಿಗೆ ಅಮೆರಿಕದಲ್ಲಿ, ಜಗತ್ತಿನ ಅತಿ ಶ್ರೀಮಂತ ದೇಶದಲ್ಲಿ, 2024ರ ಜನವರಿಯ ಎಣಿಕೆಗೆ ಸಿಕ್ಕವರು 7.7 ಲಕ್ಷ.

ಮುಂದಿನ ಜನಗಣತಿಗೆ 2027ರ ಮಾರ್ಚ್ 1ನ್ನು ಆಧಾರ ದಿನವೆಂದು ಸರಕಾರ ಪ್ರಕಟಿಸಿದೆ. ಸೂರಿಲ್ಲದವರ ಎಣಿಕೆ ಹಿಂದಿನಂತೆ ಅದರ ಮುನ್ನಾ ರಾತ್ರಿಯೇ ನಡೆದರೆ ಗಣತಿದಾರರಿಗೆ ಸಿಗುವುದು ಕೆಲವೇ ಗಂಟೆಗಳು. ರಾಣೆಬೆನ್ನೂರಿನ ಯಾವ ಕಟ್ಟೆಯಲ್ಲಿ, ಬ್ಯಾಡಗಿ ಮಾರುಕಟ್ಟೆಯ ಯಾವ ಮೂಲೆಯಲ್ಲಿ, ಹಾವೇರಿಯ ಯಾವ ದರ್ಗಾದ ಬಯಲಿನಲ್ಲಿ ಯಾರು ಮಲಗುತ್ತಾರೆ ಎಂಬುದು ಬೇರೆ ಊರಿನಿಂದ ಬಂದ ಶಿಕ್ಷಕರಿಗೆ ತಿಳಿಯದು, ಊರಿನವರಿಗೆ ತಿಳಿದಿರುತ್ತದೆ. ಪ್ರತಿ ಮೊಹಲ್ಲಾದಿಂದ ಇಬ್ಬರು ಹುಡುಗರು ಆ ರಾತ್ರಿ ಟಾರ್ಚು ಹಿಡಿದು ಅವರೊಂದಿಗೆ ನಡೆಯಲಿ. ಮೆಣಸಿನಕಾಯಿಯ ಹಂಗಾಮು ಆಗ ನಡೆದಿರುತ್ತದೆ. ಆ ಅಮ್ಮ ಬ್ಯಾಡಗಿಯಲ್ಲಿರುತ್ತಾರೆ.