ಬೆಲ್ಟಿನ ಬೀಸಣಿಗೆಯೋ, ವಿದ್ಯುತ್ತಿನ ಬೀಸಣಿಗೆಯೋ?

ನಮ್ಮ ಪುಣೆಯು ಮೋಟಾರು ಗಾಡಿಗಳ ಪಟ್ಟಣ. ಪಿಂಪರಿ, ಆಕುರ್ಡಿ, ಚಾಕಣಗಳಲ್ಲಿ ಗಾಡಿಗಳನ್ನು ತಯಾರಿಸುವ ಕಾರಖಾನೆಗಳಿವೆ. ಪೇಟೆಯ ಓಣಿ ಓಣಿಗಳಲ್ಲಿ ಅವುಗಳನ್ನು ದುರಸ್ತಿ ಮಾಡುವ ಗ್ಯಾರೇಜುಗಳಿವೆ. ಹಳೆಯ ಅಂಬಾಸಡರ್, ಪದ್ಮಿನಿ, ಜೀಪುಗಳನ್ನು ಮನೆಯ ಹಿರಿಯರಂತೆ ಆದರದಿಂದ ನೋಡಿಕೊಳ್ಳುವ ಕುಟುಂಬಗಳೂ ಇಲ್ಲಿ ಇಂದಿಗೂ ಉಂಟು. ಬೇಸಗೆ ಬಂದಿತೆಂದರೆ ಈ ಕುಟುಂಬಗಳಿಗೆ ಒಂದು ಚಿಂತೆ. ಗಾಡಿಯು ಜನದಟ್ಟಣೆಯಲ್ಲಿ ಸಿಕ್ಕಿ ನಿಂತಾಗ ಎಂಜಿನ್ನು ಕಾಯುತ್ತದೆ, ರೇಡಿಯೇಟರಿನ ನೀರು ಕುದಿಯುತ್ತದೆ. ಆಗ ಒಬ್ಬರು, "ಬೆಲ್ಟಿನ ಫ್ಯಾನನ್ನು ಕಿತ್ತುಹಾಕಿರಿ, ವಿದ್ಯುತ್ತಿನ ಫ್ಯಾನು ಕೂಡಿಸಿರಿ, ಎಲ್ಲವೂ ಸರಿಹೋಗುವುದು" ಎನ್ನುತ್ತಾರೆ. ಇನ್ನೊಬ್ಬರು, "ಕಾರಖಾನೆಯವರು ಕೊಟ್ಟದ್ದನ್ನು ಮುಟ್ಟಬೇಡಿರಿ" ಎನ್ನುತ್ತಾರೆ. ಇಬ್ಬರ ಮಾತಿನಲ್ಲಿಯೂ ಅರ್ಧ ಸತ್ಯವಿದೆ. ಪೂರ್ಣ ಸತ್ಯವನ್ನು ತಿಳಿಯಬೇಕಾದರೆ ಗಾಡಿಯ ಮುಚ್ಚಳವನ್ನು ತೆರೆದು ನೋಡಬೇಕು, ಒಂದಿಷ್ಟು ಲೆಕ್ಕವನ್ನೂ ಮಾಡಬೇಕು. ಪಟ್ಟಣದಲ್ಲಿಯೇ ಹೆಚ್ಚಾಗಿ ಓಡುವ ಸಣ್ಣ ಗಾಡಿಗೆ ಈ ಬದಲಾವಣೆಯು ಒಳ್ಳೆಯದೆಂಬುದು ನಮ್ಮ ಅಭಿಪ್ರಾಯ. ಆದರೆ ಅದನ್ನು ವಿಚಾರಿಸದೆ ಮಾಡಿದರೆ ಹಿತಕ್ಕಿಂತ ಅಹಿತವೇ ಹೆಚ್ಚು. ಅತಿಯಾಗಿ ಕಾದ ಎಂಜಿನ್ನಿನ ತಲೆಭಾಗವು ಸೊಟ್ಟಗಾದರೆ ಕುಟುಂಬದ ಎಷ್ಟೋ ತಿಂಗಳ ಉಳಿತಾಯವು ಒಂದೇ ಮಧ್ಯಾಹ್ನದಲ್ಲಿ ಆವಿಯಾಗಿ ಹೋಗುವುದು.

ಮೊದಲು ಬೀಸಣಿಗೆಯ ಕೆಲಸವೇನೆಂಬುದನ್ನು ನೋಡೋಣ. ಎಂಜಿನ್ನಿನಲ್ಲಿ ಪೆಟ್ರೋಲು ಉರಿದಾಗ ಹುಟ್ಟುವ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಗಾಡಿಯನ್ನು ನಡೆಸಲು ಒದಗುತ್ತದೆ. ಇನ್ನೊಂದು ಪಾಲು ಹೊಗೆಯ ಕೊಳವೆಯಿಂದ ಹೊರಗೆ ಹೋಗುತ್ತದೆ. ಉಳಿದ ಪಾಲಿನ ಹೆಚ್ಚಿನ ಭಾಗವನ್ನು ಎಂಜಿನ್ನಿನ ಸುತ್ತ ಹರಿಯುವ ನೀರು ಹೊತ್ತು ತಂದು ರೇಡಿಯೇಟರಿಗೆ ಒಪ್ಪಿಸುತ್ತದೆ. ರೇಡಿಯೇಟರು ಅದನ್ನು ಗಾಳಿಗೆ ಒಪ್ಪಿಸಬೇಕು. ಗಾಡಿಯು ಬಯಲು ರಸ್ತೆಯಲ್ಲಿ ವೇಗವಾಗಿ ಓಡುತ್ತಿದ್ದರೆ ಎದುರುಗಾಳಿಯೇ ಈ ಕೆಲಸವನ್ನು ಮಾಡುತ್ತದೆ, ಬೀಸಣಿಗೆಯ ಹಂಗಿಲ್ಲ. ಗಾಡಿಯು ನಿಂತಾಗ ಇಲ್ಲವೆ ತೆವಳುವಾಗ ಮಾತ್ರ ಗಾಳಿಯನ್ನು ನಾವೇ ಎಳೆದು ತರಬೇಕು.

ಈ ಯುಕ್ತಿಯು ಹೊಸದಲ್ಲ. ಜರ್ಮನಿಯ ವಿಲ್ಹೆಲ್ಮ್ ಮೈಬಾಖ್ ಎಂಬ ಶಿಲ್ಪಿಯು 1900-01ರಲ್ಲಿ ಮರ್ಸಿಡಿಸ್ ಗಾಡಿಗೆಂದು ಜೇನುಗೂಡಿನಂತಹ ರೇಡಿಯೇಟರನ್ನು ರಚಿಸಿದಾಗಲೇ, ಗಾಡಿಯು ನಿಧಾನವಾಗಿ ಹೋಗುವಾಗ ನೆರವಾಗಲೆಂದು ಅದರ ಹಿಂದೆ ಒಂದು ಬೀಸಣಿಗೆಯನ್ನು ಇರಿಸಿದ್ದನು. 1908ರಲ್ಲಿ ಬಂದ ಫೋರ್ಡ್ ಕಂಪನಿಯ 'ಟಿ' ಮಾದರಿಯಲ್ಲಿಯೂ ಬೆಲ್ಟಿನ ಬೀಸಣಿಗೆ ಇತ್ತು. ಆ ಕಾಲದ ಗಾಡಿಗಳಲ್ಲಿ ಬೀಸಣಿಗೆಯನ್ನು ತಿರುಗಿಸಬಲ್ಲ ವಿದ್ಯುತ್ತು ಇರಲಿಲ್ಲ. ಎಂಜಿನ್ನಿನ ಬೆನ್ನಿಗೆ ಬೆಲ್ಟು ಕಟ್ಟುವುದೇ ಸರಳವಾದ ದಾರಿಯಾಗಿತ್ತು.

ಆದರೆ ಈ ಸರಳತೆಯಲ್ಲಿಯೇ ಒಂದು ದೋಷವಿದೆ. ಬೆಲ್ಟಿನ ಬೀಸಣಿಗೆಯು ಎಂಜಿನ್ನಿನ ದಾಸ. ಎಂಜಿನ್ನು ಮೆಲ್ಲಗೆ ತಿರುಗಿದರೆ ತಾನೂ ಮೆಲ್ಲಗೆ, ಅದು ಓಡಿದರೆ ತಾನೂ ಓಟ. ನೀರು ಕಾದಿದೆಯೋ ತಣ್ಣಗಿದೆಯೋ ಎಂಬ ವಿಚಾರವೇ ಅದಕ್ಕಿಲ್ಲ. ಲಕ್ಷ್ಮೀ ರಸ್ತೆಯ ಸಂದಣಿಯಲ್ಲಿ ಎಂಜಿನ್ನು ನಿಮಿಷಕ್ಕೆ 800 ಸುತ್ತು ತಿರುಗುತ್ತ ನಿಂತಿರುವಾಗ, ಗಾಳಿಯು ಅತ್ಯಗತ್ಯವಾದ ಆ ಹೊತ್ತಿನಲ್ಲಿ, ಬೀಸಣಿಗೆಯು ಸೋಮಾರಿಯಾಗಿರುತ್ತದೆ. ಅದೇ ಗಾಡಿ ಹೆದ್ದಾರಿಯಲ್ಲಿ 4000 ಸುತ್ತಿನಲ್ಲಿ ಓಡುವಾಗ, ಎದುರುಗಾಳಿಯು ಧಾರಾಳವಾಗಿರುವಾಗ, ಬೀಸಣಿಗೆಯು ಪ್ರಾಣ ಬಿಟ್ಟು ದುಡಿಯುತ್ತದೆ. ಉಂಡು ತೇಗಿದವನಿಗೆ ಬಡಿಸುತ್ತ, ಹಸಿದವನ ಎಲೆಯನ್ನು ಬರಿದಾಗಿ ಬಿಡುವ ಬಡಿಸುವವನಂತೆ!

ಇದರ ವೆಚ್ಚವನ್ನು ಲೆಕ್ಕ ಹಾಕಿರಿ. ಬೀಸಣಿಗೆಯ ವೇಗವು ಇಮ್ಮಡಿಯಾದರೆ ಅದು ತಳ್ಳುವ ಗಾಳಿಯೂ ಇಮ್ಮಡಿಯಾಗುವುದು; ಆದರೆ ಅದು ನುಂಗುವ ಶಕ್ತಿಯು ಎಂಟು ಪಟ್ಟಾಗುವುದು. ಶಕ್ತಿಯು ವೇಗದ ಘನದೊಂದಿಗೆ ಏರುತ್ತದೆಂಬುದು ಬೀಸಣಿಗೆಗಳ ನಿಯಮ. 800 ಸುತ್ತಿನಲ್ಲಿ ಒಂದು ಬೀಸಣಿಗೆಯು 10 ವಾಟ್ ಶಕ್ತಿಯನ್ನು ಬೇಡುತ್ತದೆಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ. 4000 ಸುತ್ತಿಗೆ ವೇಗವು ಐದು ಪಟ್ಟು; ಐದರ ಘನ 125. ಅಂದರೆ 1250 ವಾಟ್, ಒಂದೂವರೆ ಅಶ್ವಶಕ್ತಿಗಿಂತಲೂ ಹೆಚ್ಚು. ಇಷ್ಟೆಲ್ಲವೂ ಬೇಡದ ಗಾಳಿಗಾಗಿ!

ವಿದ್ಯುತ್ತಿನ ಬೀಸಣಿಗೆಯು ಈ ದಾಸ್ಯದಿಂದ ಬಿಡುಗಡೆ ಪಡೆದಿದೆ. ಎಂಜಿನ್ನಿನ ವೇಗವನ್ನು ನೋಡದೆ ಅದು ನೀರಿನ ಉಷ್ಣತೆಯ ಮಾತನ್ನು ಕೇಳುತ್ತದೆ. ನೀರು ಸುಮಾರು 90-95 ಡಿಗ್ರಿ ಸೆಂಟಿಗ್ರೇಡ್ ಮುಟ್ಟಿದಾಗ ಸ್ವಿಚ್ಚು ತಾನೇ ಕೂಡಿಕೊಂಡು ಬೀಸಣಿಗೆಯು ತಿರುಗತೊಡಗುತ್ತದೆ. ನೀರು ತಣಿದೊಡನೆ ನಿಲ್ಲುತ್ತದೆ. 1983ರ ಡಿಸೆಂಬರಿನಲ್ಲಿ ನಮ್ಮ ದೇಶದ ರಸ್ತೆಗಿಳಿದ ಮಾರುತಿ 800 ಗಾಡಿಯಲ್ಲಿ ಎಂಜಿನ್ನನ್ನು ಅಡ್ಡಲಾಗಿ ಕೂಡಿಸಿದ್ದರು. ಅದರ ಬೆಲ್ಟು ಗಾಡಿಯ ಪಕ್ಕಕ್ಕೆ ಬರುತ್ತದೆ, ರೇಡಿಯೇಟರು ಮುಂದಿರುತ್ತದೆ. ಆದ್ದರಿಂದ ಅಲ್ಲಿ ವಿದ್ಯುತ್ತಿನ ಬೀಸಣಿಗೆಯೇ ಸಹಜವಾಯಿತು. ಅಂಬಾಸಡರಿನಲ್ಲಿ ಎಂಜಿನ್ನು ಉದ್ದುದ್ದವಾಗಿದ್ದುದರಿಂದ ಬೆಲ್ಟಿನ ಬೀಸಣಿಗೆಗೆ ಅನುಕೂಲವಿತ್ತು. ಆ ಗಾಡಿಯ ತಯಾರಿಕೆಯು 2014ರಲ್ಲಿ ನಿಂತುಹೋಯಿತು. ಎರಡು ಪದ್ಧತಿಗಳ ಹಿಂದೆಯೂ ಕಾರಣವಿದೆ ಎಂಬುದನ್ನು ಇದರಿಂದ ಕಾಣಬಹುದು.

ಹಾಗಾದರೆ ಹಳೆಯದನ್ನು ಕಿತ್ತೊಗೆಯುವುದೇ ಸರಿಯೆಂದು ಅವಸರಪಡಬಾರದು. "ವಿದ್ಯುತ್ತಿನ ಫ್ಯಾನಿಗೆ ಎಣ್ಣೆಯ ಖರ್ಚಿಲ್ಲ" ಎಂದು ಹೇಳುವವರುಂಟು. ಈ ಮಾತು ಸರಿಯಲ್ಲ. ಗಾಡಿಯಲ್ಲಿನ ವಿದ್ಯುತ್ತು ಆಕಾಶದಿಂದ ಬೀಳುವುದಿಲ್ಲ. ಎಂಜಿನ್ನು ಆಲ್ಟರ್ನೇಟರನ್ನು ತಿರುಗಿಸಬೇಕು, ಆಲ್ಟರ್ನೇಟರು ವಿದ್ಯುತ್ತನ್ನು ಕೊಡಬೇಕು. ಈ ಕೈಬದಲಿನಲ್ಲಿ ಒಂದಿಷ್ಟು ಸೋರಿಹೋಗುತ್ತದೆ. ಬೀಸಣಿಗೆಗೆ 160 ವಾಟ್ ಬೇಕಾಗಿ, ಆಲ್ಟರ್ನೇಟರು ನೂರಕ್ಕೆ ಅರವತ್ತರಷ್ಟನ್ನು ಮಾತ್ರ ವಿದ್ಯುತ್ತಾಗಿ ಮಾರ್ಪಡಿಸುವುದಾದರೆ, ಎಂಜಿನ್ನು ಸುಮಾರು 270 ವಾಟ್ ತೆರಬೇಕಾಗುವುದು. ಅದು ಬೇಕಾದಾಗ ಮಾತ್ರ ತಿರುಗುವುದರಿಂದಲೇ ಉಳಿತಾಯವೇ ಹೊರತು ಬೇರೆ ಮಾಯೆಯೇನಿಲ್ಲ. ಆ ಉಳಿತಾಯವೆಷ್ಟೆಂಬುದನ್ನು ಊಹೆಯಿಂದ ಹೇಳಲಾಗದು. ಗಾಡಿಗಳನ್ನು ಅಳೆದು ಪರೀಕ್ಷಿಸಲೆಂದೇ 1966ರಲ್ಲಿ ಹುಟ್ಟಿದ ಭಾರತೀಯ ಆಟೋಮೋಟಿವ್ ಸಂಶೋಧನ ಸಂಘವು ನಮ್ಮ ವೇತಾಳ ಗುಡ್ಡದ ಮೇಲೆಯೇ ಇದೆ. ಅದು ನಮ್ಮೂರಿನಲ್ಲಿರುವಾಗ ನಾವು ಬಾಯಿಮಾತಿನ ಲೆಕ್ಕವನ್ನು ನಂಬುವುದು ಶೋಭಿಸದು.

ಬೆಲ್ಟಿನ ಬೀಸಣಿಗೆಯು ಮೆರೆಯುವ ಸ್ಥಳವೂ ಒಂದುಂಟು. ಅದು ಘಾಟದ ರಸ್ತೆ. ಬೇಸಗೆಯ ರಜೆಯಲ್ಲಿ ಬೆಳಗಾವಿ, ಧಾರವಾಡಗಳ ಕಡೆಗೆ ಹೊರಟ ನಮ್ಮ ಕುಟುಂಬಗಳಿಗೆ ಖಂಬಾಟಕಿ ಘಾಟವು ಪರಿಚಿತವೇ. ಅಲ್ಲಿ ಭಾರ ಹೊತ್ತ ಲಾರಿಯು ಕೆಳಗಿನ ಗೇರಿನಲ್ಲಿ ಏರುತ್ತದೆ. ಗಾಡಿಯ ವೇಗ ಕಡಿಮೆ, ಎದುರುಗಾಳಿ ಇಲ್ಲ, ಬೆವರು ಮಾತ್ರ ವಿಪರೀತ. ಆದರೆ ಎಂಜಿನ್ನು ಜೋರಾಗಿ ತಿರುಗುತ್ತಿರುವುದರಿಂದ ಬೆಲ್ಟಿನ ಬೀಸಣಿಗೆಯೂ ಅದೇ ಜೋರಿನಿಂದ ಗಾಳಿಯನ್ನು ಎಳೆಯುತ್ತದೆ. ದೊಡ್ಡ ಲಾರಿಯ ಬೀಸಣಿಗೆಯು ಇಂತಹ ಹೊತ್ತಿನಲ್ಲಿ ಹತ್ತಾರು ಅಶ್ವಶಕ್ತಿಯನ್ನು ಬೇಡಬಹುದು. ಅಷ್ಟನ್ನು ಬ್ಯಾಟರಿಯ ತಂತಿಯಿಂದ ಕೊಡುವುದು ಸುಲಭಸಾಧ್ಯವಲ್ಲ. ಆದ್ದರಿಂದಲೇ ಲಾರಿಗಳಲ್ಲಿ ಬೀಸಣಿಗೆಯು ಇಂದಿಗೂ ಬಹುಮಟ್ಟಿಗೆ ಎಂಜಿನ್ನಿಗೇ ಅಂಟಿಕೊಂಡಿದೆ. ಕಾದಾಗ ಮಾತ್ರ ಬಿಗಿಯಾಗಿ ಹಿಡಿದು, ತಣಿದಾಗ ಸಡಿಲಬಿಡುವ ಕ್ಲಚ್ಚನ್ನು ನಡುವೆ ಇಟ್ಟು ಅದರ ದೋಷವನ್ನು ತಿದ್ದಿದ್ದಾರೆ. ಪೇಟೆಯ ಸಣ್ಣ ಗಾಡಿಗೆ ಒಪ್ಪುವ ಮದ್ದು ಘಾಟದ ಲಾರಿಗೆ ಒಪ್ಪಲೇಬೇಕೆಂದಿಲ್ಲ.

ಸಣ್ಣ ಗಾಡಿಗೂ ಬದಲಾವಣೆ ಮಾಡುವ ಮೊದಲು ಕೆಲವು ವಿಷಯಗಳನ್ನು ಪರೀಕ್ಷಿಸಲೇಬೇಕು. ಮೊದಲನೆಯದು, ಗಾಡಿಯು ಕಾಯುವುದಕ್ಕೆ ನಿಜವಾಗಿಯೂ ಬೀಸಣಿಗೆಯೇ ಕಾರಣವೇ? ನಲ್ಲಿಯ ನೀರನ್ನೇ ವರ್ಷಗಟ್ಟಲೆ ತುಂಬಿದ ರೇಡಿಯೇಟರಿನ ಕೊಳವೆಗಳಲ್ಲಿ ಬಿಳಿಯ ಕಿಟ್ಟ ಕಟ್ಟಿರಬಹುದು. ಥರ್ಮೋಸ್ಟ್ಯಾಟು ಅರ್ಧಕ್ಕೇ ಸಿಕ್ಕಿಕೊಂಡಿರಬಹುದು. ಮುಚ್ಚಳದ ಸ್ಪ್ರಿಂಗು ಸೋತಿರಬಹುದು. ಈ ಮುಚ್ಚಳವನ್ನು ಅಲ್ಪವೆಂದು ಎಣಿಸಬಾರದು. ಪುಣೆಯು ಸಮುದ್ರಮಟ್ಟದಿಂದ ಸುಮಾರು 560 ಮೀಟರು ಎತ್ತರದಲ್ಲಿರುವುದರಿಂದ ತೆರೆದ ಪಾತ್ರೆಯ ನೀರು ಇಲ್ಲಿ 98 ಡಿಗ್ರಿಗೇ ಕುದಿಯುತ್ತದೆ. ಒತ್ತಡವನ್ನು ಹಿಡಿದಿಡುವ ಒಳ್ಳೆಯ ಮುಚ್ಚಳವಿದ್ದರೆ ಅದೇ ನೀರು ನೂರು ಡಿಗ್ರಿ ದಾಟಿದರೂ ಕುದಿಯದು. ಈ ರೋಗಗಳನ್ನು ಬಿಟ್ಟು ಹೊಸ ಬೀಸಣಿಗೆಯನ್ನು ಕೂಡಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆಯೇ ಸರಿ.

ಎರಡನೆಯದು, ವಿದ್ಯುತ್ತಿನ ಶಕ್ತಿ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಬಹಳ ಹಳೆಯ ಗಾಡಿಗಳಲ್ಲಿ ಆಲ್ಟರ್ನೇಟರಿಗೆ ಬದಲು ಡೈನಮೋ ಇದೆ. ಎಂಜಿನ್ನು ನಿಧಾನವಾಗಿ ತಿರುಗುವಾಗ ಅದು ಹೆಚ್ಚೇನನ್ನೂ ಕೊಡಲಾರದು. ಇಂತಹ ಗಾಡಿಗೆ ವಿದ್ಯುತ್ತಿನ ಬೀಸಣಿಗೆಯನ್ನು ಹಾಕಿದರೆ, ಸಂದಣಿಯಲ್ಲಿ ನಿಂತಾಗ ಬ್ಯಾಟರಿಯ ಪ್ರಾಣವನ್ನೇ ಅದು ಹೀರುವುದು. ಎಂಜಿನ್ನು ತಣಿಯಿತು, ಗಾಡಿಯು ಮಾತ್ರ ಏಳದು!

ಮೂರನೆಯದು, ಕೈಗೆಲಸದ ಅಚ್ಚುಕಟ್ಟು. ಬೀಸಣಿಗೆಗೆ ತಕ್ಕ ದಪ್ಪದ ತಂತಿ, ಪ್ರತ್ಯೇಕವಾದ ಫ್ಯೂಜು, ರಿಲೇ ಇರಬೇಕು. ಇಲ್ಲದಿದ್ದರೆ ತಂತಿಯೇ ಕಾದು ಬೆಂಕಿಗೆ ಕಾರಣವಾದೀತು. ಗಾಳಿಯು ರೇಡಿಯೇಟರಿನ ಎಲ್ಲ ಭಾಗದಿಂದಲೂ ಹಾಯುವಂತೆ ಸುತ್ತಲೂ ತಗಡಿನ ಕವಚವಿರಬೇಕು. ಎರಡು ತಂತಿಗಳು ಅದಲುಬದಲಾದರೆ ಬೀಸಣಿಗೆಯು ತಿರುಗಾಮುರುಗಾ ತಿರುಗಿ, ಬರುವ ಗಾಳಿಯೊಡನೆಯೇ ಜಗಳಕ್ಕೆ ನಿಲ್ಲುವುದು. ಇದಲ್ಲದೆ ಈ ಹಳೆಯ ಗಾಡಿಗಳಲ್ಲಿ ಅದೇ ಬೆಲ್ಟು ನೀರಿನ ಪಂಪನ್ನೂ ಡೈನಮೋವನ್ನೂ ತಿರುಗಿಸುತ್ತದೆ. ಬೀಸಣಿಗೆ ಹೋದರೂ ಬೆಲ್ಟು ಉಳಿಯಲೇಬೇಕು.

ಇಲ್ಲಿಯೇ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆಯ ಮಾತು. ವಿದ್ಯುತ್ತಿನ ಬೀಸಣಿಗೆಯು ಎಂಜಿನ್ನು ನಿಂತ ಮೇಲೂ ಥಟ್ಟನೆ ತಿರುಗಲು ತೊಡಗಬಹುದು. ತೆರೆದ ಮುಚ್ಚಳದೊಳಗೆ ಕುತೂಹಲದಿಂದ ಬೆರಳಿಡುವ ಹುಡುಗರು ಇದನ್ನು ಮರೆಯಬಾರದು. ಕಾದ ರೇಡಿಯೇಟರಿನ ಮುಚ್ಚಳವನ್ನಂತೂ ಎಂದಿಗೂ ತೆರೆಯಬಾರದು; ಒತ್ತಡ ಕಳೆದೊಡನೆ ನೀರು ಕುದಿದು ಮುಖಕ್ಕೆ ಚಿಮ್ಮುತ್ತದೆ.

ಹೊಸದನ್ನು ಹೇಗೆ ಬರಮಾಡಿಕೊಳ್ಳಬೇಕೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಮೇಲ್ಪಂಕ್ತಿಯಿದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯನ್ನು ಆರಂಭಿಸಿದರು. ಮುಂದೆ ಅವರು ಕಬ್ಬಿಣದ ನೇಗಿಲನ್ನು ಮಾಡಿದಾಗ, ಕಬ್ಬಿಣ ತಾಗಿದರೆ ನೆಲವು ಕೆಡುವುದೆಂದು ಹೆದರಿ ರೈತರು ಅದನ್ನು ಕೊಳ್ಳಲಿಲ್ಲವೆಂದು ಹೇಳುತ್ತಾರೆ. ಕಿರ್ಲೋಸ್ಕರರು ರೈತರನ್ನು ಹಳಿಯುತ್ತ ಕುಳಿತುಕೊಳ್ಳಲಿಲ್ಲ. ನೆಲದ ಗುಣಕ್ಕೂ ಎತ್ತಿನ ಶಕ್ತಿಗೂ ಹೊಂದುವ ನೇಗಿಲೇ ಹೊಲದಲ್ಲಿ ಗೆದ್ದಿತು. ಅವರ ಮನೆತನದ ಉದ್ಯಮವೇ 1946ರಲ್ಲಿ ಪುಣೆಯಲ್ಲಿ ಎಂಜಿನ್ನಿನ ಕಾರಖಾನೆಯನ್ನೂ ಸ್ಥಾಪಿಸಿತು. ಹೊಸತೆಂದು ಹೆದರಿದವರೂ ಬೆಳೆಯರು, ಹೊಸತೆಂದು ಮಾತ್ರಕ್ಕೆ ಮಾರುಹೋದವರೂ ಬೆಳೆಯರು. ಪರೀಕ್ಷಿಸಿ ಸ್ವೀಕರಿಸಿದವರೇ ಬೆಳೆದರು.

2019ರ ಫೆಬ್ರುವರಿಯಿಂದ ನಮ್ಮ ಪಟ್ಟಣದ ಸಾರಿಗೆ ಸಂಸ್ಥೆಯು ವಿದ್ಯುತ್ ಬಸ್ಸುಗಳನ್ನು ಓಡಿಸತೊಡಗಿದೆ. ಅವುಗಳಲ್ಲಿ ಬೆಲ್ಟನ್ನು ಕಟ್ಟಲು ಎಂಜಿನ್ನೇ ಇಲ್ಲ. ಆದರೂ ಬ್ಯಾಟರಿಗಳು ಕಾಯುತ್ತವೆ, ಮೋಟಾರು ಕಾಯುತ್ತದೆ; ಅವುಗಳ ಬಿಸಿಯನ್ನೂ ಗಾಳಿಗೆ ಒಪ್ಪಿಸಲೇಬೇಕು. ಗಾಡಿಯು ಬದಲಾದರೂ ಪ್ರಶ್ನೆಯು ಬದಲಾಗಿಲ್ಲ. ನಾಳೆ ಈ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಇಂದು ಶಾಲೆಗಳ ಬೆಂಚುಗಳ ಮೇಲಿದ್ದಾರೆ. ಅವರಲ್ಲಿ ನಮ್ಮ ಕನ್ನಡ ಶಾಲೆಯ ಮಕ್ಕಳೂ ಇರಬೇಕೆಂಬುದು ನಮ್ಮ ಆಸೆ. ಯಂತ್ರದ ವಿಷಯವು ಕನ್ನಡಕ್ಕೆ ಒಗ್ಗದೆಂದು ಹೇಳುವವರಿಗೆ ನಾವು ಒಂದೇ ಮಾತನ್ನು ಹೇಳುತ್ತೇವೆ. ಐದರ ಘನವು ಯಾವ ಭಾಷೆಯಲ್ಲಿಯೂ ನೂರಿಪ್ಪತ್ತೈದೇ. ಕಾದ ನೀರು ಯಾರ ಭಾಷೆಯನ್ನೂ ಕೇಳಿ ಕುದಿಯುವುದಿಲ್ಲ. ವಿದ್ಯಾರ್ಥಿಗಳು ಮುಂದಿನ ಸಲ ಗ್ಯಾರೇಜಿಗೆ ಹಿರಿಯರೊಡನೆ ಹೋದಾಗ ಸುಮ್ಮನೆ ನಿಲ್ಲದೆ, ಗಾಡಿಯು ಯಾವ ದಾರಿಯಲ್ಲಿ ಓಡುವುದು, ಎಷ್ಟು ಭಾರ ಹೊರುವುದು, ಅದರ ಡೈನಮೋ ಎಷ್ಟು ಕೊಡಬಲ್ಲದು ಎಂದು ವಿನಯದಿಂದ ಕೇಳಲಿ. ಒಳ್ಳೆಯ ಮಿಸ್ತ್ರಿಯು ಇಂತಹ ಪ್ರಶ್ನೆಗಳಿಗೆ ಬೇಸರಪಡನು. ಸಂತೋಷದಿಂದಲೇ ಉತ್ತರ ಹೇಳುವನು.